ಕಣ್ಣಿಗೆ ಕಂಡ ಹಸಿರು ಫೋಟೋದಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ಸರ್, ಜುಲೈನಲ್ಲಿ ನಾವು ನಾಲ್ಕು ಜನ ಗೆಳೆಯರು ಶಿರಸಿ, ಯಾಣ, ಉಂಚಳ್ಳಿ ಅಂತ ಎರಡು ದಿನ ಸುತ್ತಿದೆವು. ಎಲ್ಲಿ ನೋಡಿದರೂ ಹಸಿರು. ಇನ್ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಬೂದು, ಮಸುಕು. ಬಣ್ಣ ಜಾಸ್ತಿ ಮಾಡಿದರೆ ಪ್ಲಾಸ್ಟಿಕ್ ಗಿಡದ ಹಾಗೆ ಕಾಣುತ್ತದೆ. ನನ್ನ ಹತ್ತಿರ ಇರುವುದು ಕಿಟ್ ಲೆನ್ಸ್‌ನ ಹಳೇ ಕ್ಯಾಮೆರಾ. ಹೊಸದು ತಗೋಬೇಕಾ?

ಉತ್ತರ: ಹೊಸದು ಬೇಡ. ಈ ಪ್ರಶ್ನೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಘಟ್ಟದ ಕೆಳಗಿನಿಂದ, ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ಬಂದು ಹೋದವರೆಲ್ಲ ಇದನ್ನೇ ಕೇಳುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನಮಗೂ ಹಾಗೇ ಆಗುತ್ತದೆ.

ಮೊದಲು ಒಂದು ಮಾತು. ನಿಮ್ಮ ಕ್ಯಾಮೆರಾಗೆ ಹಸಿರು ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬಣ್ಣದ ಸಣ್ಣ ಸಣ್ಣ ಚೌಕಗಳ ಒಂದು ಹಾಸು ಇರುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಬಹುತೇಕ ಕ್ಯಾಮೆರಾ, ಮೊಬೈಲ್‌ಗಳಲ್ಲಿ ಇರುವುದು ಅದೇ ಲೆಕ್ಕ. ಪ್ರತಿ ನಾಲ್ಕು ಚೌಕದಲ್ಲಿ ಒಂದು ಕೆಂಪು, ಒಂದು ನೀಲಿ, ಎರಡು ಹಸಿರು. ಮನುಷ್ಯನ ಕಣ್ಣು ಹಸಿರನ್ನೇ ಹೆಚ್ಚು ಸೂಕ್ಷ್ಮವಾಗಿ ಹಿಡಿಯುತ್ತದೆ ಅಂತ ಹಸಿರಿಗೆ ಎರಡು ಪಾಲು ಕೊಟ್ಟರು. ಹಾಗಾಗಿ ನಿಮ್ಮ ಫೋಟೋದಲ್ಲಿ ಹಸಿರು ಇದೆ. ಅದರ ಮೇಲೆ ಆಕಾಶ ಬಂದು ಕೂತಿದೆ.

ಮಳೆಗಾಲದಲ್ಲಿ ನಮ್ಮ ಕಡೆ ಆಕಾಶ ಅಂದರೆ ತಲೆ ಮೇಲೆ ಕಟ್ಟಿದ ಒಂದು ದೊಡ್ಡ ಬಿಳಿ ಪರದೆ. ಅದು ಮೂರು ದಾರಿಯಲ್ಲಿ ಫೋಟೋದೊಳಗೆ ನುಗ್ಗುತ್ತದೆ. ನೇರವಾಗಿ ಚೌಕಟ್ಟಿನೊಳಗೆ ಬರುತ್ತದೆ. ಒದ್ದೆ ಎಲೆಯ ಮೇಲೆ ಹೊಳಪಾಗಿ ಬರುತ್ತದೆ. ಮಂಜಾಗಿ ನಿಮಗೂ ಗುಡ್ಡಕ್ಕೂ ನಡುವೆ ಬಂದು ನಿಲ್ಲುತ್ತದೆ.

ನೇರವಾಗಿ ಬರುವುದನ್ನು ತಡೆಯುವುದು ಸುಲಭ. ಕ್ಯಾಮೆರಾ ಸ್ವಲ್ಪ ಕೆಳಗೆ ಬಗ್ಗಿಸಿ, ಅಷ್ಟೇ. ದೇವಿಮನೆ ಘಟ್ಟದ ತಿರುವಿನಲ್ಲಿ ನಿಂತು ಅರ್ಧ ಆಕಾಶ, ಅರ್ಧ ಕಾಡು ಅಂತ ಫೋಟೋ ತೆಗೆದರೆ ಏನಾಗುತ್ತದೆ? ಕ್ಯಾಮೆರಾ ಆ ಬಿಳಿ ಬೆಳಕಿಗೆ ಹೆದರಿ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ. ಆಕಾಶ ಬೂದಾಗುತ್ತದೆ, ಕಾಡು ಕಪ್ಪಾಗುತ್ತದೆ. ನಮ್ಮ ಕಣ್ಣು ಆಕಾಶ ನೋಡುವಾಗ ಒಂದು ರೀತಿ, ಮರದ ಬುಡ ನೋಡುವಾಗ ಇನ್ನೊಂದು ರೀತಿ ಹೊಂದಿಕೊಳ್ಳುತ್ತದೆ. ಕ್ಯಾಮೆರಾಗೆ ಆ ಅವಕಾಶ ಇಲ್ಲ, ಒಂದೇ ಏಟಿಗೆ ಎರಡನ್ನೂ ಹಿಡಿಯಬೇಕು. ಆಷಾಢದ ಮೋಡದಲ್ಲಿ ನೋಡುವಂಥದ್ದೂ ಏನಿರುವುದಿಲ್ಲ, ಬರೀ ಬಿಳಿ. ಸುಮ್ನೆ ಅದಕ್ಕೆ ಯಾಕೆ ಜಾಗ ಕೊಡಬೇಕು ಅಲ್ವಾ?

ಇದಕ್ಕೊಂದು ಅಪವಾದ ಇದೆ. ಸಿಂಗಳೀಕ. ಸಿದ್ದಾಪುರ, ಹೊನ್ನಾವರದ ಕಡೆ ಕಾಡಿನಲ್ಲಿ ಅದು ಕಂಡರೆ ಎತ್ತರದ ಕೊಂಬೆಯ ಮೇಲೆಯೇ ಕಾಣುತ್ತದೆ. ಹಿಂದೆ ಬಿಳಿ ಆಕಾಶ, ಮುಂದೆ ಕಪ್ಪು ಮೈ. ಅಲ್ಲಿ ಆಕಾಶ ಬಿಡಲು ಆಗುವುದಿಲ್ಲ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಆರಿಸಿದ ಬೆಳಕನ್ನು ನಾವು ಏರಿಸಿ ಇಳಿಸುವ +/− ಸೌಲಭ್ಯ) ಅನ್ನು +1.5 ಅಥವಾ +2ಕ್ಕೆ ಏರಿಸಿ. ಆಕಾಶ ಪೂರ್ತಿ ಬೆಳ್ಳಗಾದರೂ ಪರವಾಗಿಲ್ಲ, ಮುಖ ಕಾಣುತ್ತದೆ. ಹತ್ತಿರ ಬರಲಿ ಅಂತ ತಿಂಡಿ ಮಾತ್ರ ಎಸೆಯಬೇಡಿ. ರಸ್ತೆ ಬದಿಗೆ ಇಳಿಯುವುದನ್ನು ಕಲಿತ ಸಿಂಗಳೀಕ ವಾಹನಕ್ಕೆ ಸಿಗುತ್ತದೆ.

ಈ ಕಾಂಪೆನ್ಸೇಷನ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಬೂದು ಬಣ್ಣದ ಬೇರು ಅಲ್ಲಿದೆ. ಕ್ಯಾಮೆರಾಗೆ ತಾನು ಏನು ನೋಡುತ್ತಿದ್ದೇನೆ ಅಂತ ಗೊತ್ತಿರುವುದಿಲ್ಲ. ಎದುರಿಗೆ ಏನೇ ಇದ್ದರೂ ಎಲ್ಲ ಸೇರಿಸಿ ಸರಾಸರಿ ಮಾಡಿದರೆ ಒಂದು ನಡುವಿನ ಬೂದು ಬರಬೇಕು ಅಂತ ಅದು ಅಂದುಕೊಳ್ಳುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ವಾಪಸ್ ಕಳಿಸುವ ಬೂದು ಅದು. ಈಗ ಉಂಚಳ್ಳಿಗೆ ಬನ್ನಿ. ಅಘನಾಶಿನಿ ನದಿ ಅಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. ಆ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ ಊರವರು ಅದನ್ನು ಕೆಪ್ಪ ಜೋಗ ಅಂತಲೇ ಕರೆಯುತ್ತಾರೆ. ಜುಲೈನಲ್ಲಿ ಎದುರಿಗೆ ನಿಂತರೆ ಬಿಳಿ ನೀರು, ಅದರಿಂದ ಏಳುವ ಬಿಳಿ ಹನಿ, ಕಣಿವೆ ತುಂಬ ಬಿಳಿ ಮಂಜು. ಕ್ಯಾಮೆರಾ ಇದನ್ನೆಲ್ಲ "ಬೆಳಕು ಜಾಸ್ತಿಯಾಯಿತು" ಅಂತ ತಿಳಿದು ಬೂದು ಮಾಡಿಬಿಡುತ್ತದೆ. ಪಕ್ಕದಲ್ಲಿದ್ದ ಹಸಿರೂ ಅದರ ಜೊತೆಗೆ ಮಸಿಯಾಗುತ್ತದೆ. ಅಲ್ಲಿ +0.7ರಿಂದ +1.3ರವರೆಗೆ ಏರಿಸಬೇಕಿತ್ತು.

ಯಾಣದಲ್ಲಿ ಇದೇ ತಪ್ಪು ತಿರುವುಮುರುವಾಗುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣದಕಲ್ಲು. ಚೌಕಟ್ಟಿನ ತುಂಬ ಆ ಕಪ್ಪು ಕಲ್ಲು ಬಂದರೆ ಕ್ಯಾಮೆರಾ "ಕತ್ತಲಾಯಿತು" ಅಂತ ಬೆಳಕು ಏರಿಸುತ್ತದೆ. ಕಲ್ಲು ಬೂದಾಗುತ್ತದೆ. ಬುಡದ ಪಾಚಿ, ಜರಿಗಿಡ ಎಲ್ಲ ತೊಳೆದು ಬಿಟ್ಟ ಹಾಗೆ ತೆಳುವಾಗುತ್ತದೆ. ಅಲ್ಲಿ −1ಕ್ಕೆ ಇಳಿಸಿ. ದಟ್ಟ ಕಾಡಿನ ಒಳಗೂ ಹಾಗೇ, −0.7 ಸಾಕು. ಮೊಬೈಲ್‌ನಲ್ಲಾದರೆ ಪರದೆ ಮುಟ್ಟಿ, ಅಲ್ಲಿ ಬರುವ ಸೂರ್ಯನ ಗುರುತನ್ನು ಬೆರಳಿನಿಂದ ಕೆಳಗೆ ಎಳೆಯಿರಿ.

ಇನ್ನು ಎಲೆಯ ಹೊಳಪು. ನನಗೆ ಕೇಳಿದರೆ ನಿಮ್ಮ ಹಸಿರನ್ನು ಅತಿ ಹೆಚ್ಚು ತಿಂದಿರುವುದು ಇದೇ.

ಮಳೆ ನಿಂತ ಮೇಲೆ ಅಡಿಕೆ ತೋಟಕ್ಕೆ ಇಳಿದು ಒಂದು ಬಾಳೆ ಎಲೆ ನೋಡಿ. ಅದರ ಅರ್ಧ ಮೈ ಹಸಿರೇ ಇರುವುದಿಲ್ಲ, ಬೆಳ್ಳಗೆ ಮಿಂಚುತ್ತಿರುತ್ತದೆ. ಆ ಬಿಳಿ ಎಲೆಯದಲ್ಲ, ಆಕಾಶದ್ದು. ಎಲೆಯ ಮೇಲೆ ಮೇಣದ ಪದರ, ಅದರ ಮೇಲೆ ನೀರಿನ ಪದರ. ಎರಡೂ ಸೇರಿ ಕನ್ನಡಿಯ ಕೆಲಸ ಮಾಡುತ್ತವೆ. ಒಂದು ತೋಟದಲ್ಲಿ ಅಡಿಕೆ, ಬಾಳೆ, ಏಲಕ್ಕಿ, ಕಾಳುಮೆಣಸು ಅಂತ ಎಷ್ಟು ಸಾವಿರ ಎಲೆ ಇರುತ್ತದೋ ಅಷ್ಟು ಸಾವಿರ ಸಣ್ಣ ಕನ್ನಡಿ. ಕಣ್ಣಿಗೂ ಅದು ಕಾಣುತ್ತದೆ. ಆದರೆ ನಾವು ತಲೆ ಅಲ್ಲಾಡಿಸುತ್ತಾ ಎರಡು ಕಣ್ಣಿನಿಂದ ನೋಡುತ್ತೇವೆ, ಆಗ ಹೊಳಪು ಜಾಗ ಬದಲಿಸುತ್ತಾ ಇರುತ್ತದೆ. ಮನಸ್ಸು ಅದನ್ನು ಬದಿಗಿಟ್ಟು ಎಲೆಯ ಬಣ್ಣವನ್ನೇ ನೆನಪಿಟ್ಟುಕೊಳ್ಳುತ್ತದೆ. ಫೋಟೋದಲ್ಲಿ ಹೊಳಪು ಅಲ್ಲೇ ನಿಂತುಬಿಡುತ್ತದೆ.

ಇದಕ್ಕೆ ಔಷಧ ಪೋಲರೈಸರ್ ಫಿಲ್ಟರ್. ಅಂಗಡಿಯಲ್ಲಿ ಸಿಪಿಎಲ್ ಅಂತ ಕೇಳಿ. ಮೇಲ್ಮೈಯಿಂದ ಓರೆಯಾಗಿ ಚಿಮ್ಮುವ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಎಲೆಯ ಒಳಗೆ ಹೊಕ್ಕು ಹಸಿರಾಗಿ ಹೊರಗೆ ಬರುವ ಬೆಳಕು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತದೆ. ಫಿಲ್ಟರ್ ಆ ಒಂದು ದಿಕ್ಕಿನದ್ದನ್ನು ಅಡ್ಡ ಹಾಕಿ ತಡೆಯುತ್ತದೆ. ಲೆನ್ಸ್‌ನ ಮುಂದೆ ಕೂರಿಸಿ ನಿಧಾನ ತಿರುಗಿಸುತ್ತಾ ಹೋಗಿ. ಒಂದು ಹಂತದಲ್ಲಿ ಬಿಳಿ ಹೊಳಪು ಮಾಯವಾಗಿ ಅದರ ಕೆಳಗಿದ್ದ ಹಸಿರು ಎದ್ದು ಬರುತ್ತದೆ. ಅಲ್ಲಿ ನಿಲ್ಲಿಸಿ. ಎಲ್ಲ ಎಲೆಯದ್ದೂ ಹೋಗುವುದಿಲ್ಲ, ಒಂದೊಂದು ಒಂದೊಂದು ಕೋನದಲ್ಲಿ ಇರುತ್ತದೆ. ಹೋದಷ್ಟೇ ಸಾಕು. ಹಳ್ಳದ ಒದ್ದೆ ಬಂಡೆಗೂ, ಗದ್ದೆಯಲ್ಲಿ ನಿಂತ ನೀರಿಗೂ ಇದೇ ಕೆಲಸ ಮಾಡುತ್ತದೆ. ಮೋಡ ಕವಿದ ದಿನ ಇದರಿಂದ ಉಪಯೋಗ ಇಲ್ಲ ಅಂತ ಕೆಲವರು ಹೇಳುತ್ತಾರೆ. ನೀಲಿ ಆಕಾಶವನ್ನು ಗಾಢ ಮಾಡಲು ಮೋಡದ ದಿನ ಆಗುವುದಿಲ್ಲ ನಿಜ. ಎಲೆಯ ಹೊಳಪು ತೆಗೆಯಲು ಮೋಡದ ದಿನವೇ ಇದು ಬೇಕು.

ಕೊಳ್ಳುವ ಮೊದಲು ಲೆನ್ಸ್‌ನ ಮುಂಭಾಗದಲ್ಲಿ ಅಡ್ಡ ಗೆರೆ ಹೊಡೆದ ಸೊನ್ನೆಯ ಪಕ್ಕ ಇರುವ ಅಂಕೆ ನೋಡಿ. ಕಿಟ್ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ 52, 55 ಅಥವಾ 58 ಇರುತ್ತದೆ. ಅದೇ ಅಳತೆಯದ್ದು ತನ್ನಿ. ಮೊಬೈಲ್‌ನವರು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದನ್ನೇ ಲೆನ್ಸ್ ಮುಂದೆ ಹಿಡಿದು ತಿರುಗಿಸಿ ನೋಡಬಹುದು. ಚೂರು ಬಣ್ಣ ಬದಲಾಗುತ್ತದೆ, ಆದರೂ ಹೊಳಪು ಹೋಗುವುದು ಕಾಣುತ್ತದೆ.

ಫಿಲ್ಟರ್ ಹಾಕಿದರೆ ಒಂದರಿಂದ ಎರಡು ಸ್ಟಾಪ್ ಬೆಳಕು ಕಮ್ಮಿಯಾಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). ತೋಟದೊಳಗೆ ಮೊದಲೇ ಮಬ್ಬು. ಶಟರ್ ನಿಧಾನ ಆಗುತ್ತದೆ, ಅಡಿಕೆ ಹೆಡೆ ಗಾಳಿಗೆ ಆಡುತ್ತಿರುತ್ತದೆ, ಎಲೆ ಅಲುಗಿ ಹಸಿರು ಕಲಸಿ ಹೋಗುತ್ತದೆ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 800, ಬೇಕಾದರೆ 1600ಕ್ಕೆ ಏರಿಸಿ. ಟ್ರೈಪಾಡ್ ಇಲ್ಲದಿದ್ದರೆ ಅಡಿಕೆ ಮರಕ್ಕೆ ಭುಜ ಒರಗಿಸಿ ನಿಂತುಕೊಳ್ಳಿ. ಸಂಕದ (ಹಳ್ಳ ದಾಟುವ ಕಾಲುಸೇತುವೆ) ಮೇಲೆ ನಿಂತು ತೆಗೆಯಬೇಡಿ, ನೀವು ಉಸಿರಾಡಿದರೂ ಅದು ಅಲುಗಾಡುತ್ತದೆ. ಮತ್ತೆ ಕೊಡೆ ಕಪ್ಪು ಬಣ್ಣದ್ದೇ ಇರಲಿ. ಕೆಂಪು ಕೊಡೆ ಹಿಡಿದು ಹತ್ತಿರದ ಎಲೆಯ ಫೋಟೋ ತೆಗೆದರೆ ಅದರ ಛಾಯೆ ಎಲೆಗೆ ಬೀಳುತ್ತದೆ.

ಮಂಜಿಗೆ ನನ್ನ ಹತ್ತಿರ ದೊಡ್ಡ ಉಪಾಯ ಇಲ್ಲ. ದೂರದ ಗುಡ್ಡ ಬಿಡಿ, ಹತ್ತಿರದ ಮರ ಹಿಡಿಯಿರಿ. ನಡುವೆ ಗಾಳಿ ಕಮ್ಮಿ ಇದ್ದಷ್ಟೂ ಹಸಿರು ಜಾಸ್ತಿ. ಲೆನ್ಸ್‌ನ ಮೇಲೆ ಮಂಜು ಕೂರುವುದು ಬೇರೆ ವಿಷಯ. ಕಾರಿನ ಎಸಿಯಿಂದ ಇಳಿದ ಕೂಡಲೇ ಹಾಗಾಗುತ್ತದೆ. ಇಳಿದ ಮೇಲೆ ಕ್ಯಾಮೆರಾ ಕಾಲು ಗಂಟೆ, ಇಪ್ಪತ್ತು ನಿಮಿಷ ಚೀಲದಲ್ಲೇ ಇರಲಿ, ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಕಾರವಾರ, ಗೋಕರ್ಣದ ಕಡಲ ಬದಿಯಲ್ಲಿ ಉಪ್ಪಿನ ಹನಿ ಕೂರುತ್ತದೆ. ಅದನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಚೂರು ಒದ್ದೆ ಮಾಡಿದ ಲೆನ್ಸ್ ಬಟ್ಟೆಯಿಂದ ಒರೆಸಿ. ಲೆನ್ಸ್ ಒಳಗೆ ಬೂಸ್ಟು ಹಿಡಿದಿದ್ದರೂ ಬಣ್ಣ ಮಸುಕಾಗುತ್ತದೆ. ನನ್ನದೊಂದು ಲೆನ್ಸ್ ಬಟ್ಟೆ ಚೀಲದಲ್ಲಿ ಕಪಾಟಿನೊಳಗೆ ಇತ್ತು. ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಎಳೆ ಎಳೆ ಬಂದಿತ್ತು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀವೂ ನಿಮ್ಮ ಲೆನ್ಸ್‌ಗೆ ಟಾರ್ಚ್ ಬೆಳಕು ಹಾಯಿಸಿ ಒಮ್ಮೆ ನೋಡಿಕೊಳ್ಳಿ.

ಬಣ್ಣದ ವಿಷಯಕ್ಕೆ ಬರೋಣ. ಮರದ ಕೆಳಗಿನ ಬೆಳಕು ಎಲೆಗಳಿಂದ ಸೋಸಿ ಬಂದದ್ದು, ಅದೇ ಸ್ವಲ್ಪ ಹಸಿರು. ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ತಿದ್ದುವುದು) ಇದನ್ನು ತಪ್ಪು ಅಂತ ತಿಳಿದು ಗುಲಾಬಿ ಛಾಯೆ ಸೇರಿಸಿ ಸರಿ ಮಾಡಲು ಹೋಗುತ್ತದೆ. ಹಸಿರು ಸಪ್ಪೆಯಾಗುತ್ತದೆ. ಆಟೋ ಬಿಟ್ಟು ಸೂರ್ಯನ ಗುರುತು ಅಥವಾ ಮೋಡದ ಗುರುತಿಗೆ ಹಾಕಿ. ಅದಕ್ಕಿಂತ ಮುಂದೆ ಹೋಗಬೇಡಿ. ಒಮ್ಮೆ ನಾನು ನೆರಳಿನ ಗುರುತಿಗೆ ಹಾಕಿ ನಮ್ಮ ತೋಟದ ಫೋಟೋ ತೆಗೆದೆ, ಆಮೇಲೆ ಮೊಬೈಲ್‌ನಲ್ಲಿ ಸ್ಯಾಚುರೇಷನ್ (ಬಣ್ಣದ ಗಾಢತೆ) ಬೇರೆ ಏರಿಸಿದೆ. ನನಗೆ ಬಹಳ ಚಂದ ಕಂಡಿತು. ಆಯಿಗೆ (ಅಮ್ಮನಿಗೆ) ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ ಗಾಬರಿಯಾದಳು. "ತಮಾ, ತೋಟಕ್ಕೆ ಹಳದಿ ರೋಗ ಬಂಜನಾ?" ಅಂದಳು. ಅಡಿಕೆಗೆ ಹಳದಿ ಎಲೆ ರೋಗ ಬಂದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಆ ಪ್ರಶ್ನೆ ಕೇಳಿದ ಮೇಲೆ ನಾನು ಆ ಫೋಟೋ ಯಾರಿಗೂ ತೋರಿಸಿಲ್ಲ.

ಯಾಕೆ ಹಳದಿಯಾಯಿತು ಅಂದರೆ, ಎಲೆಯ ಹಸಿರಿನಲ್ಲಿ ಹಳದಿಯ ಪಾಲು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಸ್ಯಾಚುರೇಷನ್ ಏರಿಸಿದರೆ ಮೊದಲು ಅದು ಉರಿಯುತ್ತದೆ. ನೀವು ಹೇಳಿದ ಪ್ಲಾಸ್ಟಿಕ್ ಗಿಡ ಅಲ್ಲಿಂದಲೇ ಬರುವುದು. ಲೈಟ್‌ರೂಮ್‌ನಂಥ ಆ್ಯಪ್‌ನಲ್ಲಿ ಒಂದೊಂದು ಬಣ್ಣವನ್ನು ಬೇರೆ ಬೇರೆ ತಿದ್ದಬಹುದು. ಅಲ್ಲಿ ಹಸಿರನ್ನು ಮುಟ್ಟುವ ಮೊದಲು ಹಳದಿಯನ್ನು ತೆರೆಯಿರಿ. ಅದರ ಸ್ಯಾಚುರೇಷನ್ ಚೂರು ಇಳಿಸಿ, ಛಾಯೆಯನ್ನು ಹಸಿರಿನ ಕಡೆ ಒಂದೆರಡು ಹೆಜ್ಜೆ ಸರಿಸಿ. ಎಲೆಗೆ ಜೀವ ಬರುತ್ತದೆ.

ಬಿಸಿಲು ಬಂದ ಮೇಲೆ, ಅಕ್ಟೋಬರ್‌ನಲ್ಲಿ ಬಂದರೆ ಒಳ್ಳೆಯದಾ ಅಂತಲೂ ಹಲವರು ಕೇಳುತ್ತಾರೆ. ಕಡಲ ಬದಿಗಾದರೆ ಹೌದು. ಅಘನಾಶಿನಿ ಅಳಿವೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಆಗ ಉಪ್ಪು ತಡೆಯುವ ಕಗ್ಗ ಭತ್ತ ನಿಂತಿರುತ್ತದೆ, ಅಂಚಿಗೆ ಕಾಂಡ್ಲಾ ಗಿಡ, ಮೇಲೆ ತೊಳೆದ ಆಕಾಶ. 2024ರಲ್ಲಿ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ ಅದು, ನಿಧಾನ ನೋಡಿ. ಕಾಡಿಗಾದರೆ ನಾನು ಒಪ್ಪುವುದಿಲ್ಲ. ಬಿಸಿಲಿನಲ್ಲಿ ಕಾಡು ಚುಕ್ಕೆ ಚುಕ್ಕೆಯಾಗುತ್ತದೆ, ಒಂದು ಕಡೆ ಸುಡುವ ಬಿಳಿ, ಪಕ್ಕದಲ್ಲೇ ಕಪ್ಪು. ಹಸಿರಿಗೆ ಮೋಡದ ಮೆತ್ತಗಿನ ಬೆಳಕೇ ಬೇಕು. ಮಳೆ ನಿಂತ ಮೊದಲ ಅರ್ಧ ಗಂಟೆ, ಮೋಡ ತುಸು ತೆಳುವಾಗಿ ಮರ ಇನ್ನೂ ತೊಟ್ಟಿಕ್ಕುತ್ತಿರುವಾಗ, ಶಿರಸಿ ಸುತ್ತಿನ ಬೆಟ್ಟ, ತೋಟಗಳಲ್ಲಿ ಇರುವ ಹಸಿರು ಇನ್ಯಾವ ತಿಂಗಳಲ್ಲೂ ಸಿಗುವುದಿಲ್ಲ. ಉಂಬಳ (ಜಿಗಣೆ) ಹತ್ತುತ್ತದೆ, ಸುಣ್ಣ ಇಟ್ಟುಕೊಳ್ಳಿ.

ಈಗಿರುವ ಇನ್ನೂರು ಫೋಟೋ ಅಳಿಸಬೇಡಿ. ರಾ (RAW, ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಕಡತ) ರೂಪದಲ್ಲಿ ತೆಗೆದಿದ್ದರೆ ಬಹಳಷ್ಟು ಉಳಿಯುತ್ತದೆ. 12 ಬಿಟ್‌ನ ರಾ ಕಡತದಲ್ಲಿ ಪ್ರತಿ ಬಣ್ಣಕ್ಕೆ 4096 ಮೆಟ್ಟಿಲು ಇರುತ್ತವೆ, ಜೆಪೆಗ್‌ನಲ್ಲಿ 256. ಜೆಪೆಗ್ ಆದರೂ ಕತ್ತಲಾದದ್ದನ್ನು ಸ್ವಲ್ಪ ಎತ್ತಬಹುದು. ಬಿಳಿಯಾಗಿ ಸುಟ್ಟು ಹೋದದ್ದು ಮಾತ್ರ ವಾಪಸ್ ಬರುವುದಿಲ್ಲ. ಉಂಚಳ್ಳಿಯ ಫೋಟೋಗಳಲ್ಲಿ ಆಕಾಶ ಕತ್ತರಿಸಿ, ಬೆಳಕು ಏರಿಸಿ. ಅದಕ್ಕೂ ಮೊದಲು ಯಾಣದ್ದು ತೆರೆಯಿರಿ, ಅದು ಸುಲಭ. ಬೆಳಕು ಒಂದು ಸ್ಟಾಪ್ ಇಳಿಸಿ. ಕಲ್ಲು ಕಪ್ಪಾದ ಕೂಡಲೇ ಅದರ ಬುಡದ ಪಾಚಿ ಹಸಿರಾಗುತ್ತದೆ.