ಹಂದಿಜ್ವರ: ಟೆಸ್ಟ್ ಯಾರಿಗೆ ಬೇಕು, ಆಸ್ಪತ್ರೆ ಯಾರಿಗೆ ಬೇಕು

ಮಳೆಗಾಲದಲ್ಲಿ ಕೋಲಾರದ ಯಾವ ಕ್ಲಿನಿಕ್ಕಿಗೆ ಹೋದ್ರೂ ಈ ಜೋಡಿ ಸಿಗುತ್ತೆ. ಇಪ್ಪತ್ತೈದು ವರ್ಷದ ಗಟ್ಟಿಮುಟ್ಟಾದ ಹುಡುಗ, ನಿನ್ನೆ ಸಂಜೆಯಿಂದ ಜ್ವರ, ವಾಟ್ಸಾಪಲ್ಲಿ ಏನೋ ನೋಡ್ಕೊಂಡು ಬಂದು "ಸಾರ್ ಎಚ್‌1ಎನ್‌1 ಟೆಸ್ಟ್ ಬರ್ಕೊಡಿ" ಅಂತಾನೆ, ಎಚ್‌1ಎನ್‌1 ಅಂದ್ರೆ ಹಂದಿಜ್ವರದ ವೈರಸ್ಸಿನ ಹೆಸರು. ಪಕ್ಕದಲ್ಲೇ ಅವನ ತಾಯಿ, ಎಷ್ಟೋ ವರ್ಷದಿಂದ ಶುಗರ್ ಇದೆ, ಮೂರು ದಿನದಿಂದ ಕೆಮ್ಮು ಜ್ವರ, ಕೇಳಿದ್ರೆ "ನಂಗೇನಿಲ್ಲ ಸಾರ್, ಬರೀ ಶೀತ, ಅವನನ್ನ ನೋಡಿ" ಅಂತಾರೆ. ನಾನು ಮೊದಲು ಕೂರಿಸೋದು ಆ ಅಮ್ಮನ್ನ. ಯಾರು ಹೆದರ್ಬೇಕೋ ಅವರು ಹೆದರಲ್ಲ, ಹೆದರ್ಬೇಕಿಲ್ದೋರು ಓಡಿ ಬರ್ತಾರೆ, ಈ ಕಾಯಿಲೆಯಲ್ಲಿ ಜನ ಮಾಡೋ ದೊಡ್ಡ ಎಡವಟ್ಟು ಇದೇ.

ಹಂದಿ ಮಾಂಸ ತಿಂದ್ರೆ ಬರುತ್ತಾ ಅಂತ ಇವತ್ತಿಗೂ ಕೇಳ್ತಾರೆ. ಬೇಯಿಸಿದ ಮಾಂಸ ತಿಂದ್ರೆ ಬರಲ್ಲ, ಮುಗೀತು. ಹಂದಿ, ಹಕ್ಕಿ, ಮನುಷ್ಯ ಮೂರೂ ಕಡೆಯ ಫ್ಲೂ ವೈರಸ್ಸಿನ ಜೀನುಗಳು ಬೆರೆತು ಹುಟ್ಟಿದ ವೈರಸ್ ಇದು, 2009ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಮತ್ತು ಅಮೆರಿಕದಲ್ಲಿ ಪತ್ತೆಯಾಯ್ತು, ಮೇ ತಿಂಗಳಲ್ಲೇ ಹೈದರಾಬಾದಿಗೆ ಬಂತು, ಆಗಸ್ಟಲ್ಲಿ ಪುಣೆಯಲ್ಲಿ ದೇಶದ ಮೊದಲ ಸಾವು. 2010ರ ಆಗಸ್ಟಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿ ಮುಗೀತು ಅಂತ ಹೇಳ್ತು, ಆದ್ರೆ ವೈರಸ್ ಎಲ್ಲೂ ಹೋಗ್ಲಿಲ್ಲ, ಪ್ರತಿ ವರ್ಷ ಬರೋ ಸೀಸನಲ್ ಫ್ಲೂ ಜೊತೆ ಸೇರ್ಕೊಂಡ್ತು. ನಮ್ಮ ದೇಶದಲ್ಲಿ ಜನವರಿಯಿಂದ ಮಾರ್ಚ್ ಒಂದು ಸಲ, ಮಳೆಗಾಲದಲ್ಲಿ ಇನ್ನೊಂದು ಸಲ ಏರುತ್ತೆ. ಹಂಗಾಗಿ "ಹಂದಿಜ್ವರ ವಾಪಸ್ ಬಂತಂತೆ" ಅಂತ ಟಿವಿ ಕಿರುಚಿದಾಗ ಗಾಬರಿ ಬೇಡ, ಅದು ಇಲ್ಲೇ ಇತ್ತು.

ಈಗ ಟೆಸ್ಟ್ ವಿಷ್ಯ. ಸರ್ಕಾರದ ಮಾರ್ಗಸೂಚಿಯಲ್ಲಿ ರೋಗಿಗಳನ್ನ ಎ, ಬಿ, ಸಿ ಅಂತ ಮೂರು ಗುಂಪು ಮಾಡಿದ್ದಾರೆ. ಸಾಧಾರಣ ಜ್ವರ, ಗಂಟಲು ನೋವು, ಕೆಮ್ಮು, ಮೈಕೈ ನೋವು, ಇದು ಎ. ಟೆಸ್ಟೂ ಬೇಡ, ಟ್ಯಾಮಿಫ್ಲೂ ಅನ್ನೋ ಫ್ಲೂ ಮಾತ್ರೆನೂ ಬೇಡ, ಪ್ಯಾರಾಸಿಟಮಾಲ್, ನೀರು, ಗಂಜಿ, ರೆಸ್ಟು, ಆದ್ರೆ ಒಂದೆರಡು ದಿನ ಬಿಟ್ಟು ಮತ್ತೆ ನೋಡ್ಬೇಕು. ಹೆಚ್ಚಿನೋರು ಇಲ್ಲೇ ಇರ್ತಾರೆ, ವಾರದಲ್ಲಿ ಎದ್ದು ಓಡಾಡ್ತಾರೆ. ಬಿ ಅಂದ್ರೆ ಜ್ವರ ಜೋರಾಗಿದ್ದು ಗಂಟಲು ತುಂಬಾ ಕೆಟ್ಟಿರೋದು, ಇಲ್ಲಾ ಜ್ವರ ಕಮ್ಮಿ ಇದ್ರೂ ಆಳು ಅಪಾಯದ ಗುಂಪಿನವರಾಗಿರೋದು: ಗರ್ಭಿಣಿ, ಚಿಕ್ಕ ಮಕ್ಕಳು, 65 ದಾಟಿದವರು, ಶುಗರ್, ಹಾರ್ಟು, ಕಿಡ್ನಿ, ಆಸ್ತಮಾ ಇರೋರು. ಆ ಅಮ್ಮ ಇಲ್ಲಿ ಬರ್ತಾರೆ. ಇವರಿಗೆ ಟೆಸ್ಟ್ ಮಾಡಿಸ್ದೇನೇ ಒಸೆಲ್ಟಾಮಿವಿರ್ (ಟ್ಯಾಮಿಫ್ಲೂ ಅಂದ್ರೆ ಇದೇ) ಶುರು ಮಾಡ್ತೀವಿ, ದೊಡ್ಡೋರಿಗೆ 75 ಮಿಲಿಗ್ರಾಂ ದಿನಕ್ಕೆ ಎರಡು ಸಲ 5 ದಿನ, ಕಿಡ್ನಿ ತೊಂದ್ರೆ ಇದ್ರೆ ಡೋಸ್ ಕಮ್ಮಿ. ಈ ಮಾತ್ರೆ ವೈರಸ್ ಒಂದು ಜೀವಕೋಶದಿಂದ ಬಿಡಿಸ್ಕೊಂಡು ಇನ್ನೊಂದಕ್ಕೆ ಹಾರೋದನ್ನ ತಡೆಯುತ್ತೆ, ಅದಕ್ಕೇ ಮೊದಲ 48 ಗಂಟೆಯಲ್ಲಿ ಕೊಟ್ರೆ ಜಾಸ್ತಿ ಉಪಯೋಗ. ಲೇಟಾಗಿ ಬಂದೋರಿಗೂ ಸೀರಿಯಸ್ ಇದ್ರೆ ಕೊಡ್ತೀವಿ, ಆದ್ರೆ "ಇನ್ನೆರಡು ದಿನ ನೋಡೋಣ" ಅಂತ ಮನೇಲಿ ಕಳೆದ ಟೈಮ್ ವಾಪಸ್ ಸಿಗಲ್ಲ.

ಸಿ ಅಂದ್ರೆ ಅಡ್ಮಿಟ್ ಆಗ್ಲೇಬೇಕು, ಟೆಸ್ಟ್ ಆಗ್ಬೇಕಾಗಿರೋದೂ ಇವರಿಗೇ. ದಮ್ಮು, ಎದೆನೋವು, ಬಿಪಿ ಇಳಿಯೋದು, ಕಫದಲ್ಲಿ ರಕ್ತ, ಉಗುರು ತುಟಿ ನೀಲಿ, ಮಂಪರು. ಮಗು ಆದ್ರೆ ಹಾಲು ಬಿಡೋದು, ಪಕ್ಕೆ ಎಳೆದು ಉಸಿರಾಡೋದು. ಇನ್ನೊಂದಿದೆ, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ: ಮೂರನೇ ದಿನಕ್ಕೆ ಜ್ವರ ಬಿಟ್ಟು ಆರಾಮಾಯ್ತು ಅಂದ್ಕೊಂಡಿರ್ತಾರೆ, ಐದನೇ ದಿನ ಮತ್ತೆ ಜೋರು ಜ್ವರ, ಕೆಮ್ಮು ಜಾಸ್ತಿ. ಅದು ಬಹಳ ಸಲ ನ್ಯುಮೋನಿಯಾ. ಕೋವಿಡ್ ಟೈಮಲ್ಲಿ ಕೊಂಡ ಬೆರಳಿಗೆ ಹಾಕೋ ಆಕ್ಸಿಮೀಟರ್ ಮನೇಲಿ ಎಲ್ಲೋ ಬಿದ್ದಿರುತ್ತಲ್ಲ, ಸೆಲ್ ಹಾಕಿ ಇಟ್ಕೊಳ್ಳಿ, ಅದರಲ್ಲಿ ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದ್ರೆ ನನಗೆ ಫೋನ್ ಮಾಡ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಅಂಗಡೀಲಿ ಕೇಳಿ ತಿನ್ನೋ ಮಾತ್ರೆ ಬಗ್ಗೆ ಎಷ್ಟು ಹೇಳಿದ್ರೂ ಸಾಲ್ದು. ಆ್ಯಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡಲ್ಲ, ಗ್ಲೂಕೋಸ್ ಬಾಟ್ಲಿನೂ ಅಷ್ಟೇ. ಸ್ಟೆರಾಯ್ಡ್ ಮಾತ್ರೆ ನುಂಗಿದ್ರೆ ಒಂದಿನ ಹಾಯೆನಿಸುತ್ತೆ, ಶುಗರ್ ಏರಿಸಿ ಕೂರಿಸುತ್ತೆ. ಮಕ್ಕಳಿಗೆ ಆಸ್ಪಿರಿನ್ ಬೇಡ್ವೇ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಡೆಂಗಿನೂ ಇರೋದ್ರಿಂದ ಐಬುಪ್ರೊಫೆನ್ ಥರದ ನೋವಿನ ಮಾತ್ರೆನೂ ನೀವಾಗೇ ತಗೋಬೇಡಿ, ಡೆಂಗಿ ಆಗಿದ್ರೆ ರಕ್ತಸ್ರಾವ ಆಗ್ಬೋದು. ನೆಗಡಿ, ಗಂಟಲು, ಕೆಮ್ಮು ಮುಂದಿದ್ರೆ ಫ್ಲೂ ಕಡೆಗೆ, ಕಣ್ಣಿನ ಹಿಂದೆ ನೋವು, ವಾಂತಿ, ಮೈಮೇಲೆ ಕೆಂಪು ದದ್ದು ಇದ್ರೆ ಡೆಂಗಿ ಕಡೆಗೆ ನಮ್ಮ ಯೋಚನೆ ಹೋಗುತ್ತೆ, ಆದ್ರೂ ಬರೀ ನೋಡಿ ಹೇಳೋಕಾಗಲ್ಲ.

ಹರಡೋದು ಕೆಮ್ಮಿನ, ಸೀನಿನ ಹನಿಯಿಂದ, ಆಮೇಲೆ ಆ ಹನಿ ಬಿದ್ದ ಜಾಗ ಮುಟ್ಟಿ ಅದೇ ಕೈಯಲ್ಲಿ ಮೂಗು ಕಣ್ಣು ಉಜ್ಜೋದ್ರಿಂದ. ಜ್ವರ ಬರೋ ಹಿಂದಿನ ದಿನದಿಂದಲೇ ಅಂಟುತ್ತೆ, ಸುಮಾರು ಏಳು ದಿನದವರೆಗೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಬೆಳಗ್ಗೆ ಹೋಗೋ ಟ್ರೇನಲ್ಲಿ ನಿಂತ್ಕೊಂಡು ಹೋಗಿದ್ರೆ ಗೊತ್ತಿರುತ್ತೆ, ಅಲ್ಲಿ ಒಬ್ಬ ಕೆಮ್ಮಿದ್ರೆ ತಪ್ಪಿಸ್ಕೊಳ್ಳೋಕೆ ಜಾಗವೇ ಇಲ್ಲ, ನರಸಾಪುರದ ಫ್ಯಾಕ್ಟ್ರಿ ಬಸ್ಸುಗಳಲ್ಲಿ ಮಳೆ ಅಂತ ಕಿಟಕಿ ಎಲ್ಲಾ ಮುಚ್ಚಿರ್ತಾರೆ. ಅಂಥ ಕಡೆ ಮಾಸ್ಕ್ ಹಾಕಿ, ಅದರಲ್ಲೂ ಕೆಮ್ಮು ಇರೋನು ಹಾಕ್ಲೇಬೇಕು, ಆಗೋದಾದ್ರೆ ಅವತ್ತು ರಜಾ ಹಾಕಿದ್ರೆ ಇನ್ನೂ ಒಳ್ಳೇದು. ದಿನಗೂಲಿಯೋರಿಗೆ ಇದು ಹೇಳಿದಷ್ಟು ಸುಲಭ ಅಲ್ಲ, ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರೋನಿಗೆ ಏಳು ದಿನ ಮನೇಲಿರು ಅಂತ ಹೇಳುವಾಗ ನನಗೇ ಮುಜುಗರ ಆಗುತ್ತೆ. ಅಂಥೋರಿಗೆ ನಾನು ಹೇಳೋದು, ಜ್ವರ ಬಿಟ್ಟು ಮಾತ್ರೆ ಇಲ್ದೇನೇ ಒಂದು ಪೂರ್ತಿ ದಿನ ಕಳೆಯೋ ತನಕ ಆದ್ರೂ ಹೋಗ್ಬೇಡ, ಹೋದ್ಮೇಲೆ ಮಾಸ್ಕ್ ಬಿಡ್ಬೇಡ, ಮನೇಲಿ ಅಜ್ಜಿ ತಾತ, ಬಾಣಂತಿ, ಹಸುಗೂಸು ಇದ್ರೆ ನೀನು ಹಜಾರದಲ್ಲಿ ಬೇರೆ ಮಲಗು. ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆದ್ರೆ ಸಾಕು, ದುಬಾರಿ ಸ್ಯಾನಿಟೈಸರ್ ಬೇಕಿಲ್ಲ.

ಲಸಿಕೆ ಇದೆ, ಜನಕ್ಕೆ ಗೊತ್ತಿಲ್ಲ ಅಷ್ಟೇ. ಅಂಗನವಾಡಿಯಲ್ಲಿ ಮಕ್ಕಳಿಗೆ ಫ್ರೀಯಾಗಿ ಹಾಕೋ ಲಿಸ್ಟಲ್ಲಿ ಇಲ್ಲದ್ದರಿಂದ ದುಡ್ಡು ಕೊಟ್ಟು ಹಾಕಿಸ್ಕೋಬೇಕಾಗುತ್ತೆ. ವೈರಸ್ ವರ್ಷವರ್ಷ ವೇಷ ಬದಲಾಯಿಸೋದ್ರಿಂದ ಸೂಜಿನೂ ಪ್ರತಿ ವರ್ಷ. ಕೆಲಸ ಮಾಡೋಕೆ ಎರಡು ವಾರ ಬೇಕು, ಮಳೆ ಹಿಡಿಯೋ ಮುಂಚೆನೇ ಹಾಕಿಸಿ. ನೂರಕ್ಕೆ ನೂರು ತಡೆಯಲ್ಲ, ಚೆನ್ನಾಗಿ ಹೊಂದೋ ವರ್ಷದಲ್ಲಿ ಸುಮಾರು 40ರಿಂದ 60 ಪರ್ಸೆಂಟ್, ಆದ್ರೆ ಬಂದ್ರೂ ಐಸಿಯು ತನಕ ಹೋಗೋದು ಕಮ್ಮಿ ಆಗುತ್ತೆ. ಎಲ್ರಿಗೂ ಹಾಕ್ಸೋಕೆ ದುಡ್ಡಿಲ್ಲ ಅಂದ್ರೆ ಮನೇಲಿರೋ ಗರ್ಭಿಣಿಗೆ, ಶುಗರ್ ಇರೋರಿಗೆ ಮೊದಲು ಹಾಕ್ಸಿ. ಗರ್ಭಿಣಿಗೆ ಯಾವ ತಿಂಗಳಲ್ಲಾದ್ರೂ ಕೊಡಬಹುದು, ಆರು ತಿಂಗಳ ಒಳಗಿನ ಮಗುಗೆ ಈ ಲಸಿಕೆ ಹಾಕಲ್ಲ, ಅಷ್ಟು ದಿನ ಅದಕ್ಕೆ ರಕ್ಷಣೆ ಅಮ್ಮನಿಂದಲೇ ಸಿಗ್ಬೇಕು. ಚಿಕ್ಕ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರ ಬಿಟ್ಟು ಎರಡು ಡೋಸ್. ಹಾಕಿಸಿಕೊಂಡ ದಿನ ಕೈ ನೋವು, ಸಣ್ಣ ಜ್ವರ ಬರಬಹುದು, ಅದು ಹಂದಿಜ್ವರ ಅಲ್ಲ. ಹಿಂದೆ ಫ್ಲೂ ಲಸಿಕೆಗೆ ಜೋರು ಅಲರ್ಜಿ ಆಗಿದ್ರೆ ಮಾತ್ರ ಸೂಜಿಗೆ ಕೈ ಕೊಡೋ ಮುಂಚೆನೇ ಬಾಯಿ ಬಿಟ್ಟು ಹೇಳಿ.