ಆಲ್ಬಮ್ ಬಂದಿದೆ, ಸುದ್ದಿ ಬಂದಿಲ್ಲ

ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ರಾಕ್ ತಂಡ 2000ನೇ ಇಸವಿಯಲ್ಲಿ ತನ್ನ ಮೊದಲ ಆಲ್ಬಮ್ ಹೊರತಂದಾಗ, ತನ್ನ ಜಾಲತಾಣದ ವಿಳಾಸವನ್ನೇ ಅದಕ್ಕೆ ಹೆಸರಾಗಿ ಇಟ್ಟಿತು. ಹತ್ತು ವರ್ಷಗಳ ನಂತರ ದೆಹಲಿಯ ಇಂಡಿಯನ್ ಓಶನ್ ತಂಡ ತನ್ನ ಹೊಸ ಆಲ್ಬಮ್ಮನ್ನು ‘16/330 ಖಜೂರ್ ರೋಡ್’ ಎಂದು ಕರೆಯಿತು. ಕರೋಲ್ ಬಾಗ್‌ನಲ್ಲಿ ಆ ತಂಡ ವರ್ಷಗಟ್ಟಲೆ ತಾಲೀಮು ನಡೆಸಿದ ಹಳೆಯ ಮನೆಯ ವಿಳಾಸವದು. ಎರಡೂ ಹೆಸರುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಹಾಡುವವರು ತಾವೆಲ್ಲಿ ಸಿಗುತ್ತೇವೆ ಎಂಬುದನ್ನು ಕೇಳುಗರಿಗೆ ತಾವೇ ಹೇಳಿಕೊಳ್ಳಬೇಕಾಗಿದ್ದ ಕಾಲದ ಗುರುತುಗಳಾಗಿ ಅವು ನನ್ನ ಮನಸ್ಸಿನಲ್ಲಿ ಉಳಿದಿವೆ.

ಈಗ ಎಲ್ಲ ಹಾಡುಗಳೂ ಒಂದೇ ಕಡೆ, ಅಂಗೈಯಲ್ಲಿರುವ ಫೋನಿನಲ್ಲೇ ಇವೆ ಎಂದ ಮೇಲೆ ವಿಳಾಸದ ಚಿಂತೆ ತೀರಬೇಕಿತ್ತು. ಆಗಿರುವುದು ಬೇರೆ. ಒಂದು ಕಾಲಕ್ಕೆ ಕಾರ್ಯಕ್ರಮ ತಪ್ಪಿಸದೆ ಹೋಗುತ್ತಿದ್ದ ಗೆಳೆಯರೇ ಇಂದು ‘ಆ ತಂಡದವರು ಈಗಲೂ ಹಾಡುತ್ತಿದ್ದಾರೆಯೇ?’ ಎಂದು ಕೇಳುತ್ತಾರೆ. ಆ ತಂಡದ ಹೊಸ ಆಲ್ಬಮ್ ಬಂದು ಎರಡು ವರ್ಷ ಕಳೆದಿರುತ್ತದೆ. ಹಾಡು ಮಾಡುವುದೂ ಅದನ್ನು ಲೋಕದ ಮುಂದಿಡುವುದೂ ಹಿಂದೆಂದಿಗಿಂತ ಸುಲಭವಾಗಿರುವಾಗ, ಅದು ಬಂದಿದೆ ಎಂಬ ಸುದ್ದಿ ಮಾತ್ರ ಏಕೆ ದುರ್ಲಭವಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಕನ್ನಡದಲ್ಲಿ ಸಿನಿಮಾದ ಹಂಗಿಲ್ಲದ ಹಾಡು ಮೊದಲು ಆಕಾಶವಾಣಿಯ ಮೂಲಕ, ನಂತರ ಕ್ಯಾಸೆಟ್ಟಿನಲ್ಲಿ, ಅದಾದ ಮೇಲೆ ಸಿ.ಡಿ.ಯಲ್ಲಿ, ಕೊನೆಗೆ ಇಂಟರ್ನೆಟ್ಟಿನಲ್ಲಿ ಮನೆಗೆ ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ, ಚಿತ್ರಗೀತೆಯಲ್ಲದ ಹಾಡುಗಳ ಒಂದು ಇಡೀ ಕಟ್ಟನ್ನು ಹಣ ಕೊಟ್ಟು ಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳುವ ಅಭ್ಯಾಸ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಬೇರೂರಿತು. ಸಿ. ಅಶ್ವಥ್ ಅವರು ಶಿಶುನಾಳ ಶರೀಫರ ತತ್ವಪದಗಳನ್ನು ಮನೆಮಾತಾಗಿಸಿದ್ದು ಇದೇ ಸುರುಳಿಗಳ ಮೂಲಕ. ಆಲ್ಬಮ್ ಎಂಬ ಪದವನ್ನು ಬಳಸದೆಯೇ ನಾವು ಆಲ್ಬಮ್ ಕೇಳುವುದನ್ನು ಕಲಿತಿದ್ದೆವು.

ಆ ಕಾಲದಲ್ಲಿ ಹೊಸದನ್ನು ಪರಿಚಯಿಸುತ್ತಿದ್ದವನು ಕ್ಯಾಸೆಟ್ ಅಂಗಡಿಯವನು. ನಮ್ಮೂರಿನ ಬಸ್ ನಿಲ್ದಾಣದ ಎದುರಿಗಿದ್ದ ಅಂಗಡಿಯಲ್ಲಿ ಗಾಜಿನ ಕಪಾಟಿನ ಹಿಂದೆ ಕೂತಿರುತ್ತಿದ್ದ ಮನುಷ್ಯ, ಗಿರಾಕಿ ಹೋದ ಸಲ ಏನು ಕೊಂಡಿದ್ದನೆಂಬುದನ್ನು ನೆನಪಿನಲ್ಲಿ ಇಟ್ಟುಕೊಂಡು, ಹೊಸ ಸುರುಳಿಯ ಹೊದಿಕೆ ಹರಿದು, ಎರಡನೆಯ ಹಾಡಿನವರೆಗೆ ಪೆನ್ಸಿಲಿನಿಂದ ಸುತ್ತಿ, ಡೆಕ್ಕಿಗೆ ಹಾಕಿ ಕೇಳಿಸುತ್ತಿದ್ದ. ಮೊದಲ ಹಾಡು ಎಲ್ಲರಿಗೂ ಇಷ್ಟವಾಗುವಂಥದ್ದೇ ಇರುತ್ತದೆ, ಎರಡನೆಯದನ್ನು ಕೇಳಿ ತೀರ್ಮಾನಿಸಬೇಕು ಎಂಬುದು ಅವನ ನಂಬಿಕೆಯಾಗಿತ್ತು. ಪೆಟ್ಟಿಗೆಯೊಳಗೆ ಮಡಚಿಟ್ಟ ಕಾಗದದಲ್ಲಿ ಕವಿ, ಗಾಯಕರು, ಕೊಳಲು, ತಬಲಾ ಎಂದು ಎಲ್ಲರ ಹೆಸರೂ ಇರುತ್ತಿದ್ದವು. ಒಂದು ಸುರುಳಿಯ ಕೊಳಲು ಹಿಡಿಸಿದರೆ ಆ ಹೆಸರಿನ ಜಾಡು ಹಿಡಿದು ಇನ್ನೊಂದನ್ನು ಹುಡುಕಬಹುದಿತ್ತು.

ರಾಕ್ ಸಂಗೀತದ ದಾರಿ ಅದೇ ಹೊತ್ತಿನಲ್ಲಿ ಬೇರೆಯಾಗಿ ಸಾಗುತ್ತಿತ್ತು. ಅದರ ಭಾಷೆ ಬಹುಮಟ್ಟಿಗೆ ಇಂಗ್ಲಿಷ್ ಆಗಿತ್ತು, ನೆಲೆ ಕಾಲೇಜು ಉತ್ಸವಗಳಾಗಿದ್ದವು. ಮುಂಬಯಿಯಲ್ಲಿ 1986ರಲ್ಲಿ ಇಂಡಿಪೆಂಡೆನ್ಸ್ ರಾಕ್, ಬೆಂಗಳೂರಿನಲ್ಲಿ 1996ರಲ್ಲಿ ಫ್ರೀಡಂ ಜ್ಯಾಮ್ ಎಂಬ ಸಂಗೀತೋತ್ಸವಗಳು ಆರಂಭವಾದವು. ಇವೆರಡರ ನಡುವೆ, 1993ರಲ್ಲಿ, ಅಲಹಾಬಾದಿನಿಂದ ಅಮಿತ್ ಸೈಗಲ್ ಅವರು ‘ರಾಕ್ ಸ್ಟ್ರೀಟ್ ಜರ್ನಲ್’ ಎಂಬ ಪತ್ರಿಕೆ ಶುರುಮಾಡಿದರು. ರಾಕ್ ಸಂಗೀತದ ನಕ್ಷೆಯಲ್ಲೇ ಇಲ್ಲದ ಊರಿನಿಂದ ಹೊರಟ ಆ ಪತ್ರಿಕೆಯಿಂದಾಗಿ ಒಂದು ನಗರದ ತಂಡದ ಹೆಸರು ಇನ್ನೊಂದು ನಗರದ ಹುಡುಗರಿಗೆ ತಿಳಿಯುವಂತಾಯಿತು. ದೇಶದ ತಂಡಗಳ ಹಾಡುಗಳನ್ನು ಒಟ್ಟುಗೂಡಿಸಿದ ಸಂಕಲನಗಳನ್ನೂ ಅದು ಹೊರತಂದಿತು. ತಂಡಗಳಷ್ಟೇ ಮುಖ್ಯ ಅವುಗಳ ಬಗ್ಗೆ ಬರೆಯುವವರು ಎಂಬ ನನ್ನ ನಂಬಿಕೆಗೆ ಆ ಪತ್ರಿಕೆಯೇ ಆಧಾರ.

ಈ ಎರಡು ದಾರಿಗಳು ಒಂದಾದದ್ದು ಹೊಸ ಶತಮಾನದ ಮೊದಲ ದಶಕದಲ್ಲಿ. ಇಂಡಿಯನ್ ಓಶನ್ ತಂಡದ ‘ಕಂದೀಸಾ’ 2000ದಲ್ಲಿ ಬಂದು, ನಮ್ಮ ಜನಪದದ ಪದ ಮತ್ತು ಲಯಗಳನ್ನು ಗಿಟಾರಿನೊಂದಿಗೆ ಕೂಡಿಸಬಹುದೆಂಬ ಧೈರ್ಯವನ್ನು ಅನೇಕರಿಗೆ ಕೊಟ್ಟಿತು. ಕೇರಳದ ಅವಿಯಲ್ ತಂಡದ ಮಲಯಾಳಂ ರಾಕ್ ಆಲ್ಬಮ್ 2008ರಲ್ಲಿ ಬಂತು. ಅದೇ ವರ್ಷ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್, ವಿಶಾಲ್–ಶೇಖರ್ ಜೋಡಿ ಹುಟ್ಟುಹಾಕಿದ ಸಂಸ್ಥೆಯೊಂದರಿಂದ ಹೊರಬಂತು. ಶರೀಫರ ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಅದರಲ್ಲಿ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಇದ್ದವು. ಮರುವರ್ಷ ವಾಸು ದೀಕ್ಷಿತ್ ಅವರ ಮುಂದಾಳುತನದ ಸ್ವರಾತ್ಮ ತಂಡದ ಮೊದಲ ಆಲ್ಬಮ್ ಬಂತು. ಅಶ್ವಥ್ ಅವರ ಕ್ಯಾಸೆಟ್ ಕೇಳಿ ಬೆಳೆದ ಮನೆಯ ಮಕ್ಕಳು ಕಾಲೇಜಿನಲ್ಲಿ ರಾಕ್ ಕೇಳಿದವರೂ ಆಗಿದ್ದರು. ಅವರಿಗೆ ಇದು ತಮ್ಮದೇ ಸಂಗೀತ ಎನಿಸಿತು.

ನಾನು ಹತ್ತಿರದಿಂದ ನೋಡಿದ್ದು ಈ ಕಾಲವನ್ನೇ, ಸುಮಾರು 2008ರಿಂದ 2013ರವರೆಗಿನ ಐದಾರು ವರ್ಷಗಳನ್ನು. ಆಗ ಆಲ್ಬಮ್ ಸಿಗುತ್ತಿದ್ದ ಮುಖ್ಯ ಜಾಗ ಅಂಗಡಿಯಲ್ಲ, ವೇದಿಕೆಯ ಪಕ್ಕದ ಮೇಜು. ಕಾರ್ಯಕ್ರಮ ಮುಗಿದು ತಂತಿಗಳನ್ನು ಸುತ್ತಿಡುವ ಹೊತ್ತಿಗೆ, ಬೆವರಿನಲ್ಲಿ ತೊಯ್ದ ಅಂಗಿಯಲ್ಲೇ ಡ್ರಮ್ಮರ್ ಬಂದು ಮೇಜಿನ ಹಿಂದೆ ನಿಲ್ಲುತ್ತಿದ್ದ. ರಟ್ಟಿನ ಪೆಟ್ಟಿಗೆಯಲ್ಲಿ ಸಿ.ಡಿ.ಗಳು, ಚಿಲ್ಲರೆಗಾಗಿ ಒಂದು ಬಿಸ್ಕತ್ತಿನ ಡಬ್ಬಿ, ಹಸ್ತಾಕ್ಷರಕ್ಕೆ ಕಪ್ಪು ಮಾರ್ಕರ್. ಒಮ್ಮೆ ನನ್ನ ಕೈಯಲ್ಲಿ ಐನೂರರ ನೋಟು ಮಾತ್ರವಿತ್ತು. ಚಿಲ್ಲರೆ ಇಲ್ಲದ ಆ ಹುಡುಗ ತಮ್ಮದರ ಜೊತೆಗೆ ಮತ್ತೊಂದು ಊರಿನ ಗೆಳೆಯರ ತಂಡದ ಸಿ.ಡಿ.ಯನ್ನೂ ಕೊಟ್ಟು, ‘ಇದನ್ನೂ ಕೇಳಿ ಸರ್, ನಮಗಿಂತ ಚೆನ್ನಾಗಿದೆ’ ಎಂದಿದ್ದ. ಆ ಎರಡನೆಯ ಆಲ್ಬಮ್ಮನ್ನು ನಾನು ಇಂದಿಗೂ ಕೇಳುತ್ತೇನೆ. ಒಂದು ತಂಡ ಇನ್ನೊಂದು ತಂಡಕ್ಕೆ ದಾರಿ ತೋರಿಸುತ್ತಿದ್ದ ಈ ಬಗೆಯನ್ನು ನಂತರ ಬಂದ ಯಾವ ಸಾಧನವೂ ಸರಿಗಟ್ಟಿಲ್ಲವೆಂದು ನನಗೆ ಅನಿಸುತ್ತದೆ.

ಮಾರುವ ಹೊಸ ವಿಧಾನಗಳೂ ಆಗಲೇ ಒಂದರ ಹಿಂದೊಂದು ಬಂದವು. ‘16/330 ಖಜೂರ್ ರೋಡ್’ನ ಏಳು ಹಾಡುಗಳನ್ನು ಇಂಡಿಯನ್ ಓಶನ್ 2010ರಿಂದ ತಿಂಗಳಿಗೊಂದರಂತೆ ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಲು ಬಿಡುತ್ತಾ ಹೋಯಿತು, ಪ್ರತಿ ತಿಂಗಳೂ ಹಾಡಿಗಾಗಿ ಕಾದು ಕೂರುವ ಕೇಳುಗರ ಒಂದು ಬಳಗವೇ ಹುಟ್ಟಿಕೊಂಡಿತು. ಅದೇ ವರ್ಷ ಪುಣೆಯಲ್ಲಿ ಆರಂಭವಾದ ಎನ್‌ಎಚ್7 ವೀಕೆಂಡರ್ ಉತ್ಸವ 2012ರಲ್ಲಿ ಬೆಂಗಳೂರಿಗೂ ಬಂತು. ಆ ವರ್ಷದ ಫೆಬ್ರವರಿಯಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆ ಫ್ಲೈಟ್ ಎಂಬ ಹೆಸರಿನಲ್ಲಿ ಹಾಡುಗಳನ್ನು ಎಂಪಿ3 ರೂಪದಲ್ಲಿ ಮಾರಲು ತೊಡಗಿತು. ಸ್ವತಂತ್ರ ಸಂಗೀತಕ್ಕೆಂದೇ ಮೀಸಲಾದ ಓಕೆ ಲಿಸನ್ ಎಂಬ ಅಂಗಡಿಯೂ ಬೆಂಗಳೂರಿನಿಂದ ಜಾಲಕ್ಕೆ ಬಂತು. ಹಾಡಿಗೆ ನ್ಯಾಯವಾದ ಬೆಲೆ ಕೊಡಲು ಸಿದ್ಧರಿರುವ ಜನ ಇದ್ದಾರೆಂದು ನಾವೆಲ್ಲ ನಂಬಿದ ಗಳಿಗೆಯದು. ಆದರೆ ಉಚಿತವಾಗಿ ಸಿಗುವ ಹಾಡುಗಳ ಎದುರು ನಿಲ್ಲಲಾಗದೆ ಫ್ಲೈಟ್ 2013ರ ಜೂನಿನಲ್ಲಿ, ಒಂದೂವರೆ ವರ್ಷ ತುಂಬುವ ಮೊದಲೇ, ಮುಚ್ಚಿತು. ಲ್ಯಾಪ್‌ಟಾಪುಗಳಿಂದ ಸಿ.ಡಿ. ಹಾಕುವ ಜಾಗವೇ ಕಾಣೆಯಾಗತೊಡಗಿದಾಗ ಮೇಜಿನ ಮೇಲಿನ ರಟ್ಟಿನ ಪೆಟ್ಟಿಗೆಯೂ ಬರಿದಾಯಿತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮೊಬೈಲ್ ಇಂಟರ್ನೆಟ್ ಅಗ್ಗವಾಯಿತು, 2019ರ ಫೆಬ್ರವರಿಯಲ್ಲಿ ಹಾಡುಗಳನ್ನು ಜಾಲದಲ್ಲೇ ಕೇಳಿಸುವ ಸ್ಪಾಟಿಫೈ ಸೇವೆ ಭಾರತಕ್ಕೆ ಬಂತು, ಅದೇ ವರ್ಷ ಇಂದಿರಾನಗರದ ಹಮ್ಮಿಂಗ್ ಟ್ರೀ ವೇದಿಕೆ ಮುಚ್ಚಿತು, ಮರುವರ್ಷದ ಕೊರೊನಾ ಉಳಿದ ವೇದಿಕೆಗಳನ್ನೂ ಬಹುಕಾಲ ಮುಚ್ಚಿಸಿತು. ಈ ನಾಲ್ಕು ವರ್ಷಗಳಲ್ಲಿ ಹೊಸ ಸಂಗೀತವನ್ನು ಕೈಗಿಡುವ ಕೆಲಸ ಮನುಷ್ಯರಿಂದ ಲೆಕ್ಕಾಚಾರದ ಯಂತ್ರಗಳಿಗೆ ದಾಟಿತು.

ಆ ಲೆಕ್ಕಾಚಾರ ನಡೆಯುವ ಬಗೆ ಕೇಳುಗರಿಗೆ ಅಷ್ಟಾಗಿ ತಿಳಿದಿಲ್ಲ. ಸ್ಪಾಟಿಫೈನ ಸಂಪಾದಕರು ತಯಾರಿಸುವ ಪ್ಲೇಲಿಸ್ಟಿನಲ್ಲಿ ಜಾಗ ಕೇಳಬೇಕೆಂದರೆ ಕಲಾವಿದರು ಬಿಡುಗಡೆಗೆ ಮುನ್ನವೇ ಅರ್ಜಿ ಹಾಕಬೇಕು, ಒಂದು ಬಿಡುಗಡೆಯಿಂದ ಒಂದೇ ಹಾಡನ್ನು ಸೂಚಿಸಬೇಕು. ಹತ್ತು ಹಾಡುಗಳ ಆಲ್ಬಮ್ಮನ್ನು ಒಟ್ಟಿಗೆ ಬಿಟ್ಟರೆ ಒಂಬತ್ತು ಹಾಡುಗಳಿಗೆ ಆ ಅವಕಾಶವಿಲ್ಲ. ಒಂದೊಂದಾಗಿ ಬಿಟ್ಟರೆ ಹತ್ತು ಸಲ ಅವಕಾಶ. ಹೀಗಿರುವಾಗ ಆಲ್ಬಮ್ ಎಂಬ ಕಟ್ಟು ಬಿಚ್ಚಿಹೋದದ್ದರಲ್ಲಿ ಅಚ್ಚರಿಯಿಲ್ಲ. ಮೂವತ್ತು ಸೆಕೆಂಡು ಕೇಳಿದ ಮೇಲಷ್ಟೇ ಅದು ಒಂದು ಕೇಳಿಕೆಯೆಂದು ಎಣಿಕೆಗೆ ಬರುತ್ತದೆ. ಮಂಟೇಸ್ವಾಮಿಯನ್ನು ಹಾಡುವ ನೀಲಗಾರರು ತಂಬೂರಿ ಮೀಟಿ, ಗಗ್ಗರ ಕುಲುಕಿ, ಗುರುವನ್ನು ನೆನೆದು ಕಥೆಗೆ ಬರುವಷ್ಟರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕಳೆದಿರುತ್ತದೆ. ಆ ಧಾಟಿಯನ್ನು ಉಳಿಸಿಕೊಂಡು ಹಾಡುವ ತಂಡ ಮೊದಲ ಅರ್ಧ ನಿಮಿಷದಲ್ಲಿ ಏನು ಮಾಡಬೇಕೆಂದು ಯೋಚಿಸುವಂತಾಗಿದೆ. 2024ರಿಂದ ಮತ್ತೊಂದು ನಿಯಮವೂ ಬಂದಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಕೇಳಿಕೆಗಳನ್ನು ಕಾಣದ ಹಾಡಿನ ಧ್ವನಿಮುದ್ರಣಕ್ಕೆ ಅಲ್ಲಿ ರಾಯಧನವಿಲ್ಲ. ಹೋಗುತ್ತಿದ್ದ ಹಣ ಚಿಕ್ಕದು, ನಿಜ. ಆದರೆ ನಿಧಾನವಾಗಿ ಕೇಳುಗರನ್ನು ಕಂಡುಕೊಳ್ಳುವ ಹಾಡಿಗೆ ಅದು ಕೊಡುವ ಸಂದೇಶ ಚಿಕ್ಕದಲ್ಲ.

ಬೇರೆ ದಾರಿಗಳು ಇಲ್ಲವೆಂದಲ್ಲ. 2008ರಲ್ಲಿ ಅಮೆರಿಕದಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಆಲ್ಬಮ್ಮನ್ನು ಇಡಿಯಾಗಿ ಕೇಳಬಹುದು, ಕೊಳ್ಳಬಹುದು. ಡಿಜಿಟಲ್ ಮಾರಾಟದಲ್ಲಿ ಶೇ 15ರಷ್ಟನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ, ಮತ್ತು ಒಂದು ತಂಡವನ್ನು ಹಿಂಬಾಲಿಸುತ್ತಿರುವವರಿಗೆ ಆ ತಂಡದ ಹೊಸ ಆಲ್ಬಮ್ ಬಂದಾಗ ಇಮೇಲ್ ಕಳಿಸುತ್ತದೆ. ಇಷ್ಟು ಸರಳವಾದ ಸೌಕರ್ಯವೇ ದೊಡ್ಡದೆನಿಸುವ ಸ್ಥಿತಿ ಈಗಿನದು. 2022 ಮತ್ತು 2023ರಲ್ಲಿ ಅದು ಎರಡು ಬಾರಿ ಕೈ ಬದಲಾಯಿಸಿ, ಎರಡನೆಯ ಸಲ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡಾಗ, ಅದನ್ನೇ ನೆಚ್ಚಿದ್ದ ಸಂಗೀತಗಾರರು ಕಳವಳಗೊಂಡರು.

ಕನ್ನಡದ ಮಟ್ಟಿಗೆ ಇನ್ನೂ ಒಂದು ತೊಡಕಿದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತನಾಡುವುದಿಲ್ಲ. ಕನ್ನಡದ ಹಾಡು ಬೇಕೆಂದು ಹೇಳಿದ ಕೂಡಲೇ ಈ ಸೇವೆಗಳು ಮುಂದಿಡುವುದು ಹೆಚ್ಚಾಗಿ ಚಿತ್ರಗೀತೆಗಳನ್ನೇ. ಚಿತ್ರಗೀತೆಗಳ ಮೇಲೆ ನನಗೆ ಮುನಿಸಿಲ್ಲ, ಆದರೆ ಅವುಗಳ ಕೇಳಿಕೆಯ ಸಂಖ್ಯೆಯ ಎದುರು ಒಂದು ಚಿಕ್ಕ ತಂಡದ ಆಲ್ಬಮ್ ಮೇಲಕ್ಕೆ ಬರುವುದು ಕಷ್ಟ. ಹೆಸರು ಗೊತ್ತಿದ್ದು ಹುಡುಕಿದರೂ ಸಿಗುತ್ತದೆಂಬ ಭರವಸೆಯಿಲ್ಲ, ಏಕೆಂದರೆ ಹಾಡುಗಳ ಹೆಸರುಗಳು ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಾಗಿವೆ. ‘ಸೋರುತಿಹುದು’ ಎಂಬುದನ್ನು ಒಬ್ಬರು ‘ಟಿ’ ಮಾತ್ರ ಹಾಕಿ ಬರೆದರೆ ಇನ್ನೊಬ್ಬರು ‘ಟಿಎಚ್’ ಹಾಕಿ ಬರೆಯುತ್ತಾರೆ. ‘ಮಾಳಿಗಿ’ಯಲ್ಲಿ ‘ಎ’ ಒಂದೋ ಎರಡೋ, ಕೊನೆಗೆ ‘ಐ’ ಬರುತ್ತದೋ ‘ಇ’ ಬರುತ್ತದೋ ಎಂಬುದು ಬರೆದವರ ಮನಸ್ಸಿಗೆ ಬಿಟ್ಟದ್ದು. ತ ಮತ್ತು ಟ, ಲ ಮತ್ತು ಳ ನಡುವಿನ ವ್ಯತ್ಯಾಸ ಆ ಅಕ್ಷರಗಳಲ್ಲಿ ಉಳಿಯುವುದೇ ಇಲ್ಲ. ಹೀಗಾಗಿ ಒಂದೇ ತತ್ವಪದ ಐದಾರು ಹೆಸರುಗಳಲ್ಲಿ ಹರಿದು ಹಂಚಿಹೋಗಿದೆ, ಅದನ್ನು ಕನ್ನಡ ಲಿಪಿಯಲ್ಲಿ ಹುಡುಕಿದವರಿಗೆ ಎಷ್ಟೋ ಸಲ ಬೇರೇನೋ ಸಿಗುತ್ತದೆ. ಒಳಗಿನ ಕಾಗದದಲ್ಲಿ ಇರುತ್ತಿದ್ದ ಕೊಳಲಿನವರ, ತಬಲಾದವರ ಹೆಸರುಗಳಂತೂ ಕೆಲವೇ ಕಡೆ ಉಳಿದಿವೆ.

ಕಳೆದ ವರ್ಷ ಮೈಸೂರಿನಲ್ಲಿ ಒಂದು ಮನೆಯ ಹಜಾರದಲ್ಲಿ ನಡೆದ ಪುಟ್ಟ ಕಚೇರಿಗೆ ಹೋಗಿದ್ದೆ. ನಲವತ್ತು ಜನರಿದ್ದರು. ಹಾಡು ಮುಗಿಸಿದ ಗಾಯಕಿ ತಮ್ಮ ಹೊಸ ಆಲ್ಬಮ್ ಬಂದಿದೆಯೆಂದು ಹೇಳಿ, ಅಚ್ಚಗನ್ನಡದ ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಬಿಡಿಸಿ ಹೇಳತೊಡಗಿದರು. ಎರಡು ‘ಎ’, ಆಮೇಲೆ ‘ಡಿ’, ‘ಎಚ್’ ಇಲ್ಲ ಎಂದು ಅವರು ಹೇಳುತ್ತಿದ್ದಂತೆ ಎಲ್ಲರೂ ಫೋನು ತೆರೆದು ಒತ್ತುತ್ತಿದ್ದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ‘ನನಗದು ಬರೋದಿಲ್ಲ ತಾಯಿ, ಒಂದು ಚೀಟೀಲಿ ಬರೆದುಕೊಡು, ಮನೇಲಿ ಮೊಮ್ಮಗಳು ಹಾಕಿಕೊಡ್ತಾಳೆ’ ಎಂದರು. ಗಾಯಕಿ ಅಂದು ಹಾಡಿದ ಪದಗಳ ಪಟ್ಟಿಯಿದ್ದ ಕಾಗದವನ್ನು ತಿರುವಿ, ಆಲ್ಬಮ್ಮಿನ ಹೆಸರನ್ನು ಮೊದಲು ಕನ್ನಡದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದು, ಜೊತೆಗೆ ನುಡಿಸಿದ ಇಬ್ಬರ ಹೆಸರನ್ನೂ ಸೇರಿಸಿ ಅವರ ಕೈಗಿತ್ತರು. ಅವರು ಅದನ್ನು ಕನ್ನಡಕದ ಪೆಟ್ಟಿಗೆಯೊಳಗೆ ಮಡಚಿಟ್ಟುಕೊಳ್ಳುವ ಮೊದಲು ಪಕ್ಕದಲ್ಲಿದ್ದ ನಾವು ಮೂವರು ಅದನ್ನು ನೋಡಿ ಬರೆದುಕೊಂಡೆವು.