ಮೂರನೇ ಕಾಲಂ ಓದಿ: ಕಾಲಮಿತಿ ಕಾಯ್ದೆಯ ಮೇಲೆ ಒಂದು ಟಿಪ್ಪಣಿ

ಆಸ್ತಿ, ವ್ಯಾಪಾರ, ಗ್ರಾಹಕ ವ್ಯಾಜ್ಯ ಇವನ್ನೆಲ್ಲ ಕಾನೂನು ವಿದ್ಯಾರ್ಥಿಗಳಾದ ನಾವು ಬೇರೆ ಬೇರೆ ಪರೀಕ್ಷಾ ಪೇಪರ್‌ಗಳಿಗೆ ಓದುತ್ತೇವೆ. ಆದರೆ ಜನ ಬಂದು ಕೇಳುವ ಪ್ರಶ್ನೆಗಳನ್ನು ಗಮನಿಸಿ. ‘ಕೈಸಾಲ ಕೊಟ್ಟು ನಾಲ್ಕು ವರ್ಷ ಆಯ್ತು, ಈಗ ಕೇಸ್ ಹಾಕಬಹುದಾ?’ ‘ಬಾಡಿಗೆಯವರು 12 ವರ್ಷ ಇದ್ದುಬಿಟ್ಟರೆ ಮನೆ ಅವರದ್ದೇ ಆಗುತ್ತಂತೆ, ಹೌದಾ?’ ‘ಬಿಲ್ಡರ್ ಐದು ವರ್ಷದಿಂದ ಫ್ಲಾಟ್ ಕೊಟ್ಟಿಲ್ಲ, ಗ್ರಾಹಕ ಆಯೋಗಕ್ಕೆ ಹೋಗೋಕೆ ತಡ ಆಯ್ತಾ?’ ಯಾರದು ತಪ್ಪು ಅನ್ನೋ ಪ್ರಶ್ನೆ ಆಮೇಲೆ ಬರುತ್ತೆ. ಮೊದಲು ಕ್ಯಾಲೆಂಡರ್ ತೆಗೆಯಬೇಕು. ಯಾವ ದಾವೆಯನ್ನು ಎಷ್ಟು ಕಾಲದೊಳಗೆ ಹೂಡಬೇಕು ಅಂತ ಹೇಳುವುದೇ ಕಾಲಮಿತಿ ಕಾಯ್ದೆ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನನಗೆ ಕೇಳಿದ್ದರು: ‘ದಾವೆ ಅವಧಿ ಮೀರಿದೆ. ಆದರೆ ಪ್ರತಿವಾದಿ ಆ ಮಾತೇ ಎತ್ತಿಲ್ಲ. ಕೋರ್ಟು ಏನು ಮಾಡುತ್ತೆ?’ ಆಕ್ಷೇಪ ಇಲ್ಲ ಅಂದಮೇಲೆ ದಾವೆ ನಡೆಯುತ್ತೆ ಅಂದುಬಿಟ್ಟೆ. ತಪ್ಪು. 1963ರ ಕಾಲಮಿತಿ ಕಾಯ್ದೆಯ ಸೆಕ್ಷನ್ 3ರ ಪ್ರಕಾರ ಎದುರಿನವರು ಹೇಳಲಿ ಬಿಡಲಿ, ಅವಧಿ ಮೀರಿದ ದಾವೆಯನ್ನು ಕೋರ್ಟು ವಜಾ ಮಾಡಲೇಬೇಕು. ಇನ್ನೊಂದು ಎಡವುವ ಜಾಗ ಸೆಕ್ಷನ್ 5. ‘ವಿಳಂಬ ಮನ್ನಾ ಮಾಡಿ’ ಅಂತ ಬೇಡಿಕೊಳ್ಳಲು ಅವಕಾಶ ಇರುವುದು ಮೇಲ್ಮನವಿಗೆ, ಅರ್ಜಿಗೆ. ಮೂಲ ದಾವೆಗೆ ಇಲ್ಲ. ಒಂದು ದಿನ ತಡವಾದರೂ ಇಲ್ಲ.

ಕಾಯ್ದೆಯ ಅನುಸೂಚಿಯಲ್ಲಿ 137 ಆರ್ಟಿಕಲ್‌ಗಳಿವೆ. ಬಾಯಿಪಾಠ ಬೇಡ, ಯಾರೂ ಮಾಡಲ್ಲ. ಪ್ರತಿಯೊಂದಕ್ಕೂ ಮೂರು ಕಾಲಂ: ಯಾವ ದಾವೆ, ಎಷ್ಟು ಅವಧಿ, ಯಾವತ್ತಿನಿಂದ ಎಣಿಕೆ. ನಾವು ಎರಡನೇ ಕಾಲಂನ ‘3 ವರ್ಷ’, ‘12 ವರ್ಷ’ ನೆನಪಿಟ್ಟುಕೊಂಡು ಮೂರನೆಯದನ್ನು ಬಿಟ್ಟುಬಿಡುತ್ತೇವೆ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಅಲ್ಲೇ, ಕಕ್ಷಿದಾರರ ಹಣ ಮುಳುಗುವುದೂ ಅಲ್ಲೇ.

ಕೈಸಾಲ

ಆರ್ಟಿಕಲ್ 19. ಅವಧಿ 3 ವರ್ಷ. ಎಣಿಕೆ ಸಾಲ ಕೊಟ್ಟ ದಿನದಿಂದ. ‘ನಾನು ವಾಪಸ್ ಕೇಳಿದ್ದೇ ಹೋದ ತಿಂಗಳು’ ಅನ್ನೋ ವಾದ ನಡೆಯಲ್ಲ. ಕೇಳಿದಾಗ ಕೊಡುತ್ತೇನೆ ಅಂತ ಬರೆದುಕೊಟ್ಟ ಪ್ರೋನೋಟಿಗೂ ನೋಟಿನ ತಾರೀಖಿನಿಂದಲೇ ಲೆಕ್ಕ. ಅದೇ ಹಣವನ್ನು ಕೇಳಿದಾಗ ಕೊಡಬೇಕು ಅನ್ನೋ ಕರಾರಿನ ಮೇಲೆ ಠೇವಣಿಯಾಗಿ ಇಟ್ಟಿದ್ದರೆ ಆರ್ಟಿಕಲ್ 22 ಬರುತ್ತೆ. ಅಲ್ಲಿ ಎಣಿಕೆ ವಾಪಸ್ ಕೇಳಿದ ದಿನದಿಂದ. ಸಾಲವೋ ಠೇವಣಿಯೋ ಅಂತ ಕೋರ್ಟಿನಲ್ಲಿ ಅಷ್ಟೊಂದು ಜಗಳ ನಡೆಯುವುದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಮೊದಲ ದಿನವನ್ನು ಎಣಿಸಬಾರದು, ಅದು ಸೆಕ್ಷನ್ 12. ಹಾಗಾಗಿ 5 ಜೂನ್ 2022ಕ್ಕೆ ಕೊಟ್ಟ 2 ಲಕ್ಷ ರೂಪಾಯಿಗೆ ದಾವೆ ಹೂಡಲು ಕೊನೆಯ ದಿನ 5 ಜೂನ್ 2025. ಕೊನೆಯ ದಿನ ಭಾನುವಾರವೋ ಕೋರ್ಟಿನ ಬೇಸಿಗೆ ರಜೆಯೋ ಆಗಿದ್ದರೆ ಕೋರ್ಟು ತೆರೆದ ದಿನ ಹೂಡಬಹುದು. ಹಳೆಯ ಸಾಲ ಇದ್ದರೆ ಇನ್ನೊಂದು ನೆನಪಿರಲಿ. ಕೋವಿಡ್ ಕಾರಣಕ್ಕೆ 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರವರೆಗಿನ ಕಾಲವನ್ನು ಲೆಕ್ಕದಿಂದ ಬಿಡುವಂತೆ ಸುಪ್ರೀಂ ಕೋರ್ಟ್ 10 ಜನವರಿ 2022ರಂದು ಆದೇಶ ಮಾಡಿದೆ.

ಲಾಯರ್ ನೋಟಿಸ್ ಕಳಿಸಿದರೆ ಗಡಿಯಾರ ನಿಲ್ಲುತ್ತಾ? ನಿಲ್ಲಲ್ಲ. ಠಾಣೆಗೆ ದೂರು ಕೊಟ್ಟರೂ ಇಲ್ಲ, ಊರ ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿದರೂ ಇಲ್ಲ. ಒಮ್ಮೆ ಓಡಲು ಶುರುವಾದ ಕಾಲ ಓಡುತ್ತಲೇ ಇರುತ್ತೆ. ಆದರೆ ಸಾಲಗಾರ ಸಹಿ ಹಾಕಿದ ಒಂದು ಚೀಟಿ ಆಟ ಬದಲಿಸುತ್ತೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮೇಲಿನ ಸಾಲಗಾರ 20 ಮೇ 2025ಕ್ಕೆ ಹೀಗೆ ಬರೆದು ಸಹಿ ಹಾಕಿಕೊಟ್ಟ ಅಂತಿಟ್ಟುಕೊಳ್ಳಿ: ‘ನಿಮ್ಮ 2 ಲಕ್ಷ ರೂಪಾಯಿ ಬಾಕಿ ಇರುವುದು ನಿಜ. ಆದರೆ ಈಗ ಕೊಡಲು ಆಗುವುದಿಲ್ಲ.’ ನೋಡೋಕೆ ಇದು ನಿರಾಕರಣೆ. ಆದರೂ ಸೆಕ್ಷನ್ 18ರ ಪ್ರಕಾರ ಬಾಕಿ ಒಪ್ಪಿಕೊಂಡಂತೆ ಆಯಿತು. ಒಪ್ಪಿಗೆಯ ಜೊತೆ ‘ಕೊಡಲ್ಲ’ ಅಂತ ಸೇರಿದ್ದರೂ ಅದು ಒಪ್ಪಿಗೆಯೇ ಅಂತ ಆ ಸೆಕ್ಷನ್‌ನ ವಿವರಣೆಯೇ ಹೇಳುತ್ತೆ. ಹೊಸದಾಗಿ 3 ವರ್ಷ ಸಿಕ್ಕಿತು, 20 ಮೇ 2028ರವರೆಗೆ.

ಅದೇ ಚೀಟಿಯನ್ನು, ಅಕ್ಷರವೂ ಬದಲಾಗದಂತೆ, 20 ಜುಲೈ 2025ಕ್ಕೆ ಬರೆದುಕೊಟ್ಟಿದ್ದರೆ? ಕಾಗದದ ಬೆಲೆಯೂ ಇಲ್ಲ. ಅವಧಿ ಜೂನ್ 5ಕ್ಕೇ ಮುಗಿದಿತ್ತು. ಸೆಕ್ಷನ್ 18 ಕೆಲಸ ಮಾಡುವುದು ಅವಧಿ ಇರುವಾಗ ಮಾತ್ರ.

ಜುಲೈ ಚೀಟಿಯಲ್ಲಿ ‘ಆ 2 ಲಕ್ಷವನ್ನು ದೀಪಾವಳಿಗೆ ಕೊಡುತ್ತೇನೆ’ ಅಂತ ಇದ್ದರೆ? ಆಗ ಬದುಕಿಕೊಂಡಿರಿ. 1872ರ ಕರಾರು ಕಾಯ್ದೆಯ ಸೆಕ್ಷನ್ 25(3) ಬರುತ್ತೆ. ಅವಧಿ ಮೀರಿದ ಸಾಲವನ್ನು ಕೊಡುತ್ತೇನೆ ಅಂತ ಬರೆದು ಸಹಿ ಹಾಕಿದರೆ ಅದೇ ಒಂದು ಹೊಸ ಕರಾರು. ಅವಧಿಯ ಒಳಗೆ ‘ಬಾಕಿ ಇದೆ’ ಅಂದರೆ ಸಾಕು. ಅವಧಿ ಮುಗಿದ ಮೇಲೆ ‘ಕೊಡುತ್ತೇನೆ’ ಅನ್ನಲೇಬೇಕು. ಐದು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಸಾಕು.

ವಾಟ್ಸಾಪ್ ಮೆಸೇಜ್ ನಡೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಕಾಯ್ದೆಯ ಮಾತು ‘ಬರಹದಲ್ಲಿ, ಸಹಿಯೊಂದಿಗೆ’. ಮೆಸೇಜ್ ನಂಬಿ ಕೂರುವ ಬದಲು ಒಂದು ಹಾಳೆಯ ಮೇಲೆ ಸಹಿ ತೆಗೆದುಕೊಳ್ಳಿ ಅಂತ ಹೇಳುವವನು ನಾನು. ಸಾಕ್ಷಿಗೆ ಮೆಸೇಜ್ ಇರಲಿ, ಅಳಿಸಬೇಡಿ.

ಚೆಕ್ ಬೌನ್ಸ್

ಇಲ್ಲಿ ವರ್ಷದ ಲೆಕ್ಕ ಇಲ್ಲ, ದಿನದ ಲೆಕ್ಕ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138, 142. ಒಂದು ಚೆಕ್ ಹಿಡಿದು ಎಣಿಸೋಣ. ಬ್ಯಾಂಕಿನಿಂದ ರಿಟರ್ನ್ ಮೆಮೊ ಸಿಕ್ಕಿದ್ದು 10 ಮಾರ್ಚ್ 2025. ಅಲ್ಲಿಂದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಅಂದರೆ ಏಪ್ರಿಲ್ 9ರೊಳಗೆ. ನೀವು 2ಕ್ಕೆ ಕಳಿಸಿದಿರಿ, ಅವರ ಕೈಗೆ 5ಕ್ಕೆ ಸಿಕ್ಕಿತು. ಹಣ ಕೊಡಲು ಅವರಿಗೆ 15 ದಿನ, ಏಪ್ರಿಲ್ 20ರವರೆಗೆ. ಕೊಡಲಿಲ್ಲ. 21ಕ್ಕೆ ವಾದಕಾರಣ, ಅಂದರೆ ಕೋರ್ಟಿಗೆ ಹೋಗುವ ಹಕ್ಕು ಕೊಡುವ ಕಾರಣ, ಹುಟ್ಟುತ್ತೆ. ಅಲ್ಲಿಂದ ಒಂದು ತಿಂಗಳು, ಮೇ 21ರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು.

ನೋಟಿಸಿಗೆ ‘30 ದಿನ’, ದೂರಿಗೆ ‘ಒಂದು ತಿಂಗಳು’. ಎರಡೂ ಒಂದೇ ಅಲ್ಲ, ತಿಂಗಳು ಅಂದರೆ ಕ್ಯಾಲೆಂಡರ್ ತಿಂಗಳು. ದೂರು ತಡವಾದರೆ ಕಾರಣ ಕೊಟ್ಟು ಮನ್ನಾ ಕೇಳಬಹುದು, ನೋಟಿಸ್ ತಡವಾದರೆ ಅಂಥ ಬಾಗಿಲಿಲ್ಲ. ಇನ್ನು ಅವಸರವೂ ತಪ್ಪೇ. ಆ 15 ದಿನ ಮುಗಿಯುವ ಮೊದಲೇ ದೂರು ಕೊಟ್ಟರೆ ಅದು ದೂರೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2014ರ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಬಾಡಿಗೆಯವರ 12 ವರ್ಷ

ಇಷ್ಟು ಜನರ ನಿದ್ದೆ ಕೆಡಿಸಿದ ಸಂಖ್ಯೆ ಇನ್ನೊಂದಿಲ್ಲ. 12 ವರ್ಷ ಬರುವುದು ಆರ್ಟಿಕಲ್ 65ರಿಂದ, ಮಾಲೀಕ ತನ್ನ ಜಾಗದ ಸ್ವಾಧೀನ ವಾಪಸ್ ಕೇಳುವ ದಾವೆ ಅದು. ಮೂರನೇ ಕಾಲಂ ಏನು ಹೇಳುತ್ತೆ? ಪ್ರತಿವಾದಿಯ ಸ್ವಾಧೀನ ಮಾಲೀಕನಿಗೆ ‘ಪ್ರತಿಕೂಲ’ ಆದ ದಿನದಿಂದ, ಅಂದರೆ ಮಾಲೀಕನ ಹಕ್ಕನ್ನು ಒಪ್ಪದೆ ತನ್ನದೇ ಅಂತ ಇಟ್ಟುಕೊಂಡ ದಿನದಿಂದ. ಬಾಡಿಗೆಯವರು ಒಳಗೆ ಬಂದಿದ್ದೇ ಮಾಲೀಕರ ಅನುಮತಿಯಿಂದ. ತಿಂಗಳು ತಿಂಗಳು ಬಾಡಿಗೆ ಕೊಡುವವರು ‘ಇದು ನಿಮ್ಮದು’ ಅಂತ ಪ್ರತಿ ಸಲವೂ ಒಪ್ಪಿದ ಹಾಗೆ. ಅಲ್ಲಿ ಪ್ರತಿಕೂಲ ಎಲ್ಲಿಂದ ಬಂತು? 30 ವರ್ಷ ಬಾಡಿಗೆಗಿದ್ದರೂ ಬಾಡಿಗೆಯವರು ಬಾಡಿಗೆಯವರೇ. ಬಾಡಿಗೆ ನಡೆಯುತ್ತಿರುವಾಗ ಮಾಲೀಕರ ಹಕ್ಕನ್ನೇ ಅಲ್ಲಗಳೆಯಲು ಸಾಕ್ಷ್ಯ ಕಾನೂನು ಕೂಡ ಬಿಡುವುದಿಲ್ಲ.

11 ತಿಂಗಳ ಕರಾರು ಇರುವುದೇ ಈ 12 ವರ್ಷದ ಭಯಕ್ಕೆ ಅಂದುಕೊಂಡವರು ಬಹಳ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಅಷ್ಟೇ ಕಥೆ.

ಹಾಗಾದರೆ ಮಾಲೀಕರು ಭಯಪಡಬೇಕಾದ್ದು ಯಾವಾಗ? ಬಾಡಿಗೆ ಕೊನೆಗೊಳಿಸಿದ ಮೇಲೆ ಸುಮ್ನೆ ಕೂತರೆ. ಆ ದಿನದಿಂದ 12 ವರ್ಷದೊಳಗೆ ಸ್ವಾಧೀನಕ್ಕೆ ದಾವೆ ಹೂಡಬೇಕು, ಆರ್ಟಿಕಲ್ 67. ಖಾಲಿ ಸೈಟು ಬಿಟ್ಟು ದೂರದ ಊರಲ್ಲಿ ಇರುವವರಿಗೂ ಇದೇ ಎಚ್ಚರಿಕೆ. ಯಾರೋ ಬಂದು ಬೇಲಿ ಹಾಕಿ, ಎಲ್ಲರಿಗೂ ಕಾಣುವ ಹಾಗೆ, ತನ್ನದೇ ಅಂತ 12 ವರ್ಷ ಎಡೆಬಿಡದೆ ಇದ್ದರೆ ಮಾಲೀಕರ ದಾವೆ ಮಾತ್ರ ಹೋಗಲ್ಲ, ಹಕ್ಕೇ ಹೋಗುತ್ತೆ. ಇದು ಸೆಕ್ಷನ್ 27. ಸಾಲದಲ್ಲಿ ಹಾಗಲ್ಲ. ಅವಧಿ ಮೀರಿದರೂ ಸಾಲ ಸಾಲವೇ, ಕೋರ್ಟಿನ ದಾರಿ ಮಾತ್ರ ಮುಚ್ಚುತ್ತೆ. ಸಾಲಗಾರ ಆಮೇಲೆ ತಾನಾಗಿ ಕೊಟ್ಟರೆ ವಾಪಸ್ ಕೇಳುವಂತಿಲ್ಲ. ಇನ್ನು 12 ವರ್ಷದ ಪ್ರತಿಕೂಲ ಸ್ವಾಧೀನದಿಂದ ದಕ್ಕಿದ ಜಮೀನಿಗೆ ಸ್ವಾಧೀನದಾರ ಮೊದಲು ಗುರಾಣಿಯ ಹಾಗೆ ಪ್ರತಿವಾದ ಮಾತ್ರ ಮಾಡಬಹುದು ಅನ್ನೋ ವಾದ ಇತ್ತು. 2019ರ ರವೀಂದರ್ ಕೌರ್ ಗ್ರೇವಾಲ್ ತೀರ್ಪಿನ ನಂತರ ತಾನೇ ವಾದಿಯಾಗಿಯೂ ಬರಬಹುದು. ಸರ್ಕಾರಿ ಜಾಗದ ವಿಷಯ ಬೇರೆ, ಸರ್ಕಾರಕ್ಕೆ ದಾವೆ ಹೂಡಲು 30 ವರ್ಷ ಇದೆ.

ಅಣ್ಣ ಒಬ್ಬನೇ ಜಮೀನು ಉಳುತ್ತಿದ್ದಾನೆ, ತಂಗಿಯ ಪಾಲು 12 ವರ್ಷಕ್ಕೆ ಹೋಯ್ತಾ? ಇಲ್ಲ. ಪಾಲುದಾರರಲ್ಲಿ ಒಬ್ಬರ ಸ್ವಾಧೀನ ಎಲ್ಲರ ಸ್ವಾಧೀನ. ‘ನಿನಗೆ ಪಾಲೇ ಇಲ್ಲ’ ಅಂತ ಹೊರಗಿಟ್ಟಿದ್ದು ಆಕೆಗೆ ತಿಳಿದ ದಿನದಿಂದ ಆರ್ಟಿಕಲ್ 110ರ ಎಣಿಕೆ.

ಕ್ರಯದ ಕರಾರು ಮಾಡಿಕೊಂಡು ಮುಂಗಡ ಕೊಟ್ಟವರಿಗೆ ಆರ್ಟಿಕಲ್ 54. ಕರಾರಿನಲ್ಲಿ ದಿನ ಬರೆದಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಮಾರುವವರು ‘ರಿಜಿಸ್ಟರ್ ಮಾಡಿಕೊಡಲ್ಲ’ ಅಂದಿದ್ದು ಗೊತ್ತಾದಾಗಿನಿಂದ 3 ವರ್ಷ. ಆದರೆ 3 ವರ್ಷ ಇದೆಯಲ್ಲ ಅಂತ ಕಾಲು ಚಾಚಿ ಕೂರಬಾರದು. 1997ರ ವಿದ್ಯಾನಾದಂ ಪ್ರಕರಣದಲ್ಲಿ ಅವಧಿ ಮೀರಿರಲಿಲ್ಲ. ಆದರೆ ಆರು ತಿಂಗಳ ಕರಾರಿಗೆ ಕೊಂಡವರು ಎರಡೂವರೆ ವರ್ಷ ಸುಮ್ಮನಿದ್ದರು, ಅಷ್ಟರಲ್ಲಿ ಬೆಲೆ ಏರಿತ್ತು. ಸುಪ್ರೀಂ ಕೋರ್ಟ್ ಜಾಗ ಕೊಡಿಸಲಿಲ್ಲ.

ಗ್ರಾಹಕ ಆಯೋಗ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸೆಕ್ಷನ್ 69. ವಾದಕಾರಣ ಹುಟ್ಟಿದ ದಿನದಿಂದ 2 ವರ್ಷ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ಇದು ಸಿವಿಲ್ ದಾವೆಯಲ್ಲಿ ಇಲ್ಲದ ಅನುಕೂಲ. ಕಂಪನಿಗೆ ಮೇಲಿಂದ ಮೇಲೆ ಇಮೇಲ್ ಬರೆದರೆ ಅವಧಿ ಬೆಳೆಯುತ್ತಾ ಹೋಗಲ್ಲ, ಅದನ್ನು ಮರೆಯಬೇಡಿ.

ಬಿಲ್ಡರ್ ಪ್ರಶ್ನೆಗೆ ಉತ್ತರ ಸಮಾಧಾನ ಕೊಡುವಂಥದ್ದು. ಹಣ ತೆಗೆದುಕೊಂಡು ಸ್ವಾಧೀನ ಕೊಡದಿದ್ದರೆ ಅದು ಪ್ರತಿದಿನ ಮುಂದುವರಿಯುವ ತಪ್ಪು, ವಾದಕಾರಣ ಜೀವಂತವಾಗಿಯೇ ಇರುತ್ತೆ. 2022ರ ಜನವರಿಯಲ್ಲಿ ಸಮೃದ್ಧಿ ಸಹಕಾರಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ತರ್ಕವನ್ನು ವಾಸಯೋಗ್ಯ ಪ್ರಮಾಣಪತ್ರ ಕೊಡಿಸದ ಬಿಲ್ಡರ್‌ಗೂ ಹಚ್ಚಿತು. ನೀವು ವಾಸವಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೇ ಇಲ್ಲ.

ವ್ಯಾಪಾರದ ಬಾಕಿ

ಸಾಲಕ್ಕೆ ಮಾಲು ಕೊಟ್ಟು ದಿನ ಗೊತ್ತುಮಾಡದಿದ್ದರೆ ಮಾಲು ತಲುಪಿಸಿದ ದಿನದಿಂದ 3 ವರ್ಷ, ಆರ್ಟಿಕಲ್ 14. ‘60 ದಿನದ ಕ್ರೆಡಿಟ್’ ಅಂತ ಇದ್ದರೆ ಆ 60 ದಿನ ಮುಗಿದ ಮೇಲೆ, ಆರ್ಟಿಕಲ್ 15. ಪಾಲುದಾರಿಕೆ ಸಂಸ್ಥೆ ನೋಂದಣಿ ಆಗಿಲ್ಲದಿದ್ದರೆ ಹೊರಗಿನವರ ಮೇಲೆ ಕರಾರಿನ ದಾವೆ ಹೂಡುವಂತಿಲ್ಲ. ಹೂಡಿದ ಮೇಲೆ ನೋಂದಣಿ ಮಾಡಿಸಿದರೂ ಆ ದಾವೆ ಸರಿಹೋಗಲ್ಲ. ಹೊಸದಾಗಿ ಹೂಡಬೇಕು, ಅಷ್ಟರಲ್ಲಿ 3 ವರ್ಷ ಕಳೆದಿದ್ದರೆ ಮುಗೀತು. 3 ಲಕ್ಷ ಮತ್ತು ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಲ್ಲಿ ತುರ್ತು ಪರಿಹಾರ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅದರಲ್ಲಿ ಕಳೆದ ಕಾಲವನ್ನು ಅವಧಿಯಲ್ಲಿ ಎಣಿಸುವುದಿಲ್ಲ.

ಅಭ್ಯಾಸಕ್ಕೆ ಒಂದು ಲೆಕ್ಕ. ಸಗಟು ವ್ಯಾಪಾರಿ 10 ಜನವರಿ 2023ಕ್ಕೆ ಮಾಲು ಕೊಟ್ಟರು, ಕ್ರೆಡಿಟ್ ಅವಧಿ ಇಲ್ಲ. ಕೊಂಡವರು 5 ಡಿಸೆಂಬರ್ 2024ಕ್ಕೆ ಸ್ವಲ್ಪ ಬಾಕಿ ಕಟ್ಟಿದರು. ಉಳಿದದ್ದಕ್ಕೆ ದಾವೆ ಯಾವಾಗಿನವರೆಗೆ? ಚೆಕ್ ಕೊಟ್ಟಿದ್ದರೆ ಅದರ ಮೇಲೆ ಅವರ ಸಹಿ ಇದೆ, ಚೆಕ್ ಪಾಸೂ ಆಗಿದೆ. ಕಾಲಮಿತಿ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಬಾಕಿ ಕಟ್ಟಿದ್ದಕ್ಕೆ ಕಟ್ಟಿದವರ ಕೈಬರಹವೋ ಸಹಿಯೋ ಇದ್ದರೆ ಕಟ್ಟಿದ ದಿನದಿಂದ ಹೊಸ ಎಣಿಕೆ, ಹಾಗಾಗಿ 5 ಡಿಸೆಂಬರ್ 2027ರವರೆಗೆ. ನಗದು ಕೊಟ್ಟು, ವ್ಯಾಪಾರಿ ತನ್ನ ಲೆಕ್ಕದ ಪುಸ್ತಕದಲ್ಲಿ ತಾನೇ ‘ಜಮಾ’ ಅಂತ ಬರೆದುಕೊಂಡಿದ್ದರೆ? ಕಟ್ಟಿದವರ ಕೈಬರಹವೂ ಇಲ್ಲ, ಸಹಿಯೂ ಇಲ್ಲ. ಕೊನೆಯ ದಿನ ಮೊದಲಿನದೇ, 10 ಜನವರಿ 2026.